ಗ್ರಿಲ್ಲನ್ನು ಗೆರೆ ದಾಟಿಸಿದವನು ನಾನು

ಅವತ್ತು ಟ್ರೈಲರಿನ ಒಳಗಿಂದ ಮಾತಾಡಿದ್ದು ಓನರ್ ಅಲ್ಲ. ನಾನು. ಓನರ್ ದನಿಯಲ್ಲಿ, ಓನರ್ ಕೆಮ್ಮಿನ ಸಮೇತ — ಚಂದಕವಾಡಿಯ ಮಿಮಿಕ್ರಿ ಕುಮಾರ. ಬೆಂಕಿ ಹತ್ತಿದ್ದು ಅಡುಗೆ ಮಾದೇವಣ್ಣನ ಉಡಾಫೆಯಿಂದಲ್ಲ. ಮಾದೇವಣ್ಣ ಸುಳ್ಳು ಹೇಳಿದ್ದೂ ಇಲ್ಲ. ಇಷ್ಟು ವರ್ಷ ನೀವೆಲ್ಲ ತಪ್ಪು ಮನುಷ್ಯನನ್ನು ನೋಡಿ ನಕ್ಕಿದ್ದೀರಿ.

ಈಗ ನಾನು ಅಳುತ್ತೇನೆ, ನೀವು ಅಯ್ಯೋ ಪಾಪ ಅನ್ನಬಹುದು ಎಂದು ಕಾದಿದ್ದರೆ ಬೇಡ. ಅಳುವುದನ್ನು ನಾನು ಹತ್ತಾರು ಥರ ಮಾಡಬಲ್ಲೆ, ಒಂದನ್ನೂ ನಂಬಬೇಡಿ. ನಡೆದದ್ದನ್ನು ಹೇಳುತ್ತೇನೆ, ಅಷ್ಟೆ.

ಗುಂಡ್ಲುಪೇಟೆ ದಾಟಿದ ಮೇಲೆ, ಊಟಿ ರಸ್ತೆಯ ಪಕ್ಕ, ಚೆಂಡುಹೂವಿನ ಹೊಲಗಳ ನಡುವೆ ನಮ್ಮ ಓನರ್ ಒಂದು ಟ್ರೈಲರ್ ನಿಲ್ಲಿಸಿದ್ದರು — ಜೀಪಿನ ಹಿಂದೆ ಕಟ್ಟಿ ಎಳೆಯುವ ಗಾಲಿ ಮನೆ. ಒಳಗೆ ಎರಡು ಮಂಚ, ಒಂದು ಪುಟ್ಟ ಅಡುಗೆ ಕಟ್ಟೆ. ಹೊರಗೆ ಬಾಗಿಲ ಮೇಲೆ ಮಡಚಿ ಬಿಚ್ಚುವ ಬಟ್ಟೆಯ ಚಪ್ಪರ. ಕೇರಳದಿಂದ ಬರುವ ಕುಟುಂಬಗಳು ಹೂವಿನ ನಡುವೆ ಫೋಟೋ ತೆಗೆಸಿಕೊಂಡು ಅಲ್ಲೇ ಉಳಿಯುತ್ತಿದ್ದವು. ಸಂಜೆ ಗ್ಯಾಸ್ ಗ್ರಿಲ್ಲಿನಲ್ಲಿ ಚಿಕನ್ ಸುಡುವುದು ಮಾದೇವಣ್ಣನ ಕೆಲಸ. ಅದು ಬೇಯುವ ತನಕ ಗೆಸ್ಟುಗಳನ್ನು ನಗಿಸುವುದು ನನ್ನದು.

ಮಾದೇವಣ್ಣ ಹರದನಹಳ್ಳಿಯವನು. ಸುತ್ತಿನ ಊರುಗಳಲ್ಲಿ ಬೀಗರ ಊಟವೆಂದರೆ ಮೊದಲು ಅವನನ್ನೇ ಕೇಳುತ್ತಿದ್ದರು. ಮದುವೆ ಮುಗಿದ ಮೇಲಿನ ಆ ಬಾಡೂಟ ಕೆಟ್ಟರೆ ಎರಡು ಮನೆಯ ಸಂಬಂಧವೇ ಹುಳಿಯಾಗುತ್ತದೆ. ಆದ್ದರಿಂದ ಒಲೆಯನ್ನು ಯಾರ ಕೈಗೆ ಕೊಡುತ್ತೇವೆ ಅನ್ನುವುದು ನಮ್ಮ ಕಡೆ ಸಣ್ಣ ಮಾತಲ್ಲ. ಮದುವೆಗಳಿಲ್ಲದ ದಿನಗಳಲ್ಲಿ ಅವನು ಟ್ರೈಲರ್ ಹತ್ತಿರ ಬರುತ್ತಿದ್ದ.

ಅವನದೊಂದು ಪದ್ಧತಿ ಇತ್ತು. ಟ್ರೈಲರಿನಿಂದ ಒಳ್ಳೆ ದೂರದಲ್ಲಿ, ಕಬಡ್ಡಿ ಅಂಕಣಕ್ಕೆ ಎಳೆಯುವಂತೆ, ಸುಣ್ಣದಲ್ಲಿ ಒಂದು ಗೆರೆ. ಗ್ರಿಲ್ಲೂ ಸಿಲಿಂಡರೂ ಆ ಗೆರೆಯ ಆಚೆಗೇ. ಗಾಳಿ ಟ್ರೈಲರ್ ಕಡೆ ಬೀಸಿದರೆ ಇನ್ನೊಂದು ಪಕ್ಕಕ್ಕೆ ಹೋಗಿ ಬೇರೆ ಗೆರೆ. ಹಚ್ಚುವ ಮುಂಚೆ ಪೈಪು ಸೇರುವ ಜಾಗಕ್ಕೆ ಸೋಪಿನ ನೊರೆ ಬಳಿದು, ಗುಳ್ಳೆ ಏಳುತ್ತದೇನೋ ಎಂದು ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ನಾನು ಅದನ್ನೇ — ಕೂಸಿಗೆ ಸ್ನಾನ ಮಾಡಿಸುವ ಅಜ್ಜಿಯಂತೆ — ಗೆಸ್ಟುಗಳ ಮುಂದೆ ನಟಿಸುತ್ತಿದ್ದೆ. ಅವನೂ ನಗುತ್ತಿದ್ದ. ಆದರೆ ಸೋಪು ಬಳಿಯುವುದನ್ನು ಒಂದು ದಿನವೂ ಬಿಟ್ಟವನಲ್ಲ.

ಆ ಸಂಜೆ ಐಸ್ ಮುಗಿದಿದೆಯೆಂದು ಓನರ್ ಬೈಕಿನಲ್ಲಿ ಗುಂಡ್ಲುಪೇಟೆಗೆ ಹೋದರು. ಕೋಳಿ ತೊಳೆಯುತ್ತ ಬೋರ್‌ವೆಲ್ ಹತ್ತಿರವಿದ್ದ ಮಾದೇವಣ್ಣ ಅದನ್ನು ನೋಡಲಿಲ್ಲ. ಅವನು ಬಂದು ಗ್ರಿಲ್ ಹಚ್ಚಿದ. ಸ್ವಲ್ಪ ಹೊತ್ತಿಗೆ ಮಳೆ ಹನಿಯತೊಡಗಿತು. ಗೆಸ್ಟುಗಳು ಓಡಿ ತಮ್ಮ ಕಾರಿನಲ್ಲಿ ಕೂತರು. ನಾನು ತಟ್ಟೆ ತರಲು ಹೋಗಿ ಟ್ರೈಲರಿನೊಳಗೆ ಇದ್ದೆ. ಕಿಟಕಿಯ ಪರದೆ ಇಳಿಬಿಟ್ಟಿತ್ತು. ಅವನು ಗ್ರಿಲ್ಲಿನ ಮೇಲೆ ತಗಡು ಹಿಡಿದು ಒದ್ದೆಯಾಗುತ್ತ ನಿಂತಿದ್ದ — ಯಾಕೆ ಬಾಯಿ ತೆರೆದೆನೋ, ಕಾರಣ ಹುಡುಕುವುದಿಲ್ಲ. ತೆರೆದೆ. ಮೊದಲು ಓನರ್ ಕೆಮ್ಮು. ಆಮೇಲೆ ಅವರ ದನಿ.

"ಏನಪ್ಪಾ ಮಾದೇವ, ಮಳೆ ಹನೀತಾ ಅದೆ. ಒಲೆನ ಚಪ್ಪರದ ಕೆಳಕ್ಕ ತಗಬಾ."

"ಬ್ಯಾಡಿ ಸಾರ್. ಬಟ್ಟೆ ಅದು. ವಸಿ ತಡೀರಿ, ಹನಿ ನಿಂತೋಯ್ತದ."

ಇಲ್ಲಿ ಪರದೆ ಸರಿಸಿ ಮುಖ ತೋರಿಸಿದ್ದರೆ ತಮಾಷೆ ತಮಾಷೆಯಾಗಿಯೇ ಉಳಿಯುತ್ತಿತ್ತು. ಸರಿಸಲಿಲ್ಲ.

"ಓನರ್ ನಾನಾ, ನೀನಾ?"

ಹೊರಗೆ ತಗಡು ನೆಲಕ್ಕಿಟ್ಟ ಸದ್ದು. ಆಮೇಲೆ ಗ್ರಿಲ್ಲಿನ ಗಾಲಿ ಜಲ್ಲಿಯ ಮೇಲೆ ಹೊರಳಿದ ಸದ್ದು. ನನಗಿಂತ ದುಪ್ಪಟ್ಟು ವಯಸ್ಸಿನವನು, ಬೆಂಕಿಯ ಬಗ್ಗೆ ಯಾರ ಮಾತನ್ನೂ ಕೇಳದವನು, ನನ್ನ ಮಾತಿಗೆ ಗೆರೆ ದಾಟಿ ಬರುತ್ತಿದ್ದ. ಹಿತವಾಗಿತ್ತು. ಈ ಪದವನ್ನು ಬದಲಿಸೋಣವೆಂದು ಮೂರು ಸಲ ಹೊಡೆದು ಹಾಕಿದೆ, ಮೂರು ಸಲವೂ ಅದನ್ನೇ ಬರೆದೆ. ಹಿತವಾಗಿತ್ತು. ನಾನು ಹಿಂಬದಿಯ ಬಾಗಿಲಿಂದ ಇಳಿದು ಗೆಸ್ಟುಗಳ ಕಾರಿನ ಹತ್ತಿರ ಹೋಗಿ ಆನೆ ಘೀಳಿಡುವುದನ್ನು ಮಾಡಿ ತೋರಿಸತೊಡಗಿದೆ.

ಕೋಳಿಯ ಕೊಬ್ಬು ಉರಿಗೆ ಬಿದ್ದು ಜ್ವಾಲೆ ಎದ್ದಿತು, ಗಾಳಿ ಅದನ್ನು ಎತ್ತಿತು, ಚಪ್ಪರದ ಅಂಚು ಹಿಡಿಯಿತು. ಬಟ್ಟೆ ಕರಗಿ ತೊಟ್ಟಿಕ್ಕುತ್ತಿತ್ತು. ಯಾರೂ ಹತ್ತಿರ ಬರಬೇಡಿ ಎಂದು ಕೂಗಿದ ಮಾದೇವಣ್ಣ, ಆ ತೊಟ್ಟುಗಳ ಕೆಳಗೇ ಕೈ ಹಾಕಿ ಸಿಲಿಂಡರ್ ಬಂದ್ ಮಾಡಿದ. ಪೈಪು ಬಿಚ್ಚಿ ಸಿಲಿಂಡರನ್ನು ಹೊಲದತ್ತ ಎಳೆದುಕೊಂಡು ಹೋದ. ಚಪ್ಪರ ಹೋಯಿತು, ಟ್ರೈಲರಿನ ಒಂದು ಪಕ್ಕ ಕರಕಲಾಯಿತು. ಅವನ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಬೆಂದಿತು. ಆನೆಯಾಗಿದ್ದ ನಾನು ನಿಂತಲ್ಲೇ ನಿಂತಿದ್ದೆ.

ಓನರ್ ಬಂದವರೇ ಗ್ರಿಲ್ಲನ್ನು ಚಪ್ಪರದ ಕೆಳಗೆ ತಂದವರು ಯಾರೆಂದು ಕೇಳಿದರು. ಒಳಗಿಂದ ನೀವೇ ಹೇಳಿದಿರಲ್ಲ ಸಾರ್, ಎಂದ ಮಾದೇವಣ್ಣ. ಓನರ್ ಕೈಯಲ್ಲಿದ್ದ ಐಸ್ ಚೀಲ ಎತ್ತಿ ತೋರಿಸಿದರು — ಪೇಟೆಯಿಂದ ಈಗ ತಾನೇ ಬಂದಿದ್ದೇನೆ, ಒಳಗಿಂದ ಹೇಗೆ ಹೇಳಲಿ? ಎಲ್ಲರೂ ಅವನನ್ನು ನೋಡಿದರು. ಅವನು ನನ್ನನ್ನು ನೋಡಿದ. ಸುಟ್ಟ ಕೈ ಬಕೆಟ್ ನೀರಿನಲ್ಲಿತ್ತು.

"ಕುಮಾರ, ಒಳ್ಗ ಇದ್ದದ್ದು ನೀನೇನ್ಲಾ?"

"ಇಲ್ಲ ಕಣಣ್ಣ."

ಅಷ್ಟಕ್ಕೇ ನಿಲ್ಲಿಸಲಿಲ್ಲ. ಓನರ್ ಕಣ್ಣೂ ನನ್ನ ಕಡೆ ತಿರುಗುತ್ತಿತ್ತು. "ಹೊಗೆ ಮಾತಾಡಿರ್ಬೇಕು ಬುಡು," ಅಂದೆ. ಯಾರೋ ನಕ್ಕರು. ನಾನು ಬಚಾವಾದೆ.

ಆಮೇಲಿನದು ನಿಮಗೇ ಗೊತ್ತು, ನೀವೇ ಚಪ್ಪಾಳೆ ತಟ್ಟಿದ್ದೀರಿ. 'ಹೊಗೆ ಮಾದೇವ' ಎಂಬ ಐಟಮ್ ಮಾಡಿದೆ. ಹೊಗೆಯ ಜೊತೆ ಮಾತಾಡುವ ಅಡುಗೆಯವನು. ಹೊಗೆ ಹೇಳಿದಂತೆಲ್ಲ ಕೇಳುವವನು. ಸ್ಟೇಜು ಸ್ಟೇಜಲ್ಲಿ ಕೇಳಿ ಕೇಳಿ ಮಾಡಿಸಿದಿರಿ. ಮಕ್ಕಳು ಬಸ್ಸಿನಲ್ಲಿ ಅವನನ್ನು ಹಾಗೇ ಕರೆದರು. ಮದುವೆ ಮನೆಗಳಲ್ಲಿ ಅವನ ಹೆಸರು ಬಂದರೆ, ಅಯ್ಯೋ ಅವನಾ, ಎಂದು ನಕ್ಕು ಬೇರೆಯವರಿಗೆ ಫೋನ್ ಮಾಡಿದರು. ಬೀಗರ ಊಟಗಳು ಒಂದೊಂದಾಗಿ ಕೈತಪ್ಪಿದವು. ಈಗ ಅವನು ಚಾಮರಾಜನಗರದ ಒಂದು ಅರಿಶಿನ ಗೋದಾಮಿನಲ್ಲಿ ಮೂಟೆ ಹೊಲಿಯುತ್ತಾನೆ.

ಹೋದ ತಿಂಗಳು ಓನರಿಗೆ ನಿಜ ಹೇಳಿದೆ. ಅವರು ಕೆಮ್ಮಿದರು — ಅದು ನಿಜವಾದ ಕೆಮ್ಮು. ಈಗ ಹೊಸ ಟ್ರೈಲರ್ ಬಂದಿದೆ, ಹಳೆಯದನ್ನು ಕೆದಕಬೇಡ, ನಿನಗೂ ಸ್ಟೇಜು ಸಿಗದ ಹಾಗಾದೀತು, ಅಂದರು. ಹುಡುಗಾಟದ ವಯಸ್ಸು, ಆಗುತ್ತದೆ, ಎಂದೂ ಸೇರಿಸಿದರು. ಆ ವಯಸ್ಸಿನಲ್ಲಿ ನಾನು ಓಟು ಹಾಕಿದ್ದೆ ಸಾರ್, ಎಂದು ಹೇಳಿ ಬಂದೆ. ನನ್ನ ತಪ್ಪಿಗೆ ಇನ್ನೊಬ್ಬರು ಕ್ಷಮೆ ಹಂಚುವುದು ನನಗೆ ಬೇಕಿಲ್ಲ.

ಗೋದಾಮಿಗೂ ಹೋದೆ. ಅರಿಶಿನದ ಧೂಳಿನಲ್ಲಿ ಮಾದೇವಣ್ಣ ಹಳದಿಯಾಗಿದ್ದ; ಬೇರೆ ದಿನವಾಗಿದ್ದರೆ ಅದಕ್ಕೂ ಒಂದು ಜೋಕು ಮಾಡುತ್ತಿದ್ದೆ. ಹೇಳಿದೆ, ಎಲ್ಲವನ್ನೂ. ಅವನು ಸೂಜಿ ನಿಲ್ಲಿಸಲಿಲ್ಲ.

"ನಂಗ ಅವತ್ತೇ ಗೊತ್ತಿತ್ತು ಕಣ್ಲಾ. ಗೊತ್ತಿರೋನ್ಗ ಹೇಳೋಕ ಬಸ್ ಹತ್ಕ ಬಂದಿದ್ದೀಯ? ನಕ್ಕೋರ್ಗ ಹೋಗ್ ಹೇಳು."

ಕೂರು ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಅದಕ್ಕೇ ಇದು. ಮುಂದಿನ ವಾರ ನಮ್ಮೂರಲ್ಲೇ ಒಂದು ಬೀಗರ ಊಟಕ್ಕೆ ನನ್ನನ್ನು ಕರೆದಿದ್ದಾರೆ. 'ಹೊಗೆ ಮಾದೇವ' ಇರಲೇಬೇಕಂತೆ. ಮೈಕ್ ಹಿಡಿದು ಇಲ್ಲಿ ಬರೆದದ್ದನ್ನೇ ಹೇಳುತ್ತೇನೆ. ಮೈಕ್ ಕಿತ್ತುಕೊಂಡರೆ ಕಿತ್ತುಕೊಳ್ಳಲಿ, ಪಂಕ್ತಿಯಲ್ಲಿ ಎಲೆಯಿಂದ ಎಲೆಗೆ ಹೋಗಿ ಹೇಳುತ್ತೇನೆ. ಮುಂದಿನ ಮದುವೆಯಲ್ಲೂ. ಅದರ ಮುಂದಿನದರಲ್ಲೂ. ನಕ್ಕವರು ಎಷ್ಟು ಜನವೋ ನನಗೆ ಲೆಕ್ಕ ಸಿಗದು — ಸಿಗದಿದ್ದರೆ ಬೇಡ, ನಿಲ್ಲಿಸುವುದಿಲ್ಲ.

ನಿಮ್ಮ ಮನೆಯಲ್ಲಿ ಮದುವೆ ಇದ್ದರೆ ಹರದನಹಳ್ಳಿಯಲ್ಲಿ ಇಳಿದು ಅಡುಗೆ ಮಾದೇವಣ್ಣನ ಮನೆ ಕೇಳಿ. ಯಾವ ಮಾದೇವ, ಆ ಹೊಗೆಯವನಾ, ಎಂದು ಯಾರಾದರೂ ನಕ್ಕರೆ, ನೀವು ನಗಬೇಡಿ. ಅವರಿಗೆ ನನ್ನ ಹೆಸರು ಹೇಳಿ.