ಕೆಳಗಿನ ಎಂಟು ತಂಡಗಳ ಅಹ್ಮದಾಕ

ಮೇ ತಿಂಗಳ ಭಾನುವಾರ, ಬೆಳಗಿನ ಐದು ಗಂಟೆ. ಅಬುಧಾಬಿ ಹೊರವಲಯದ ಬನಿಯಾಸ್‌ನ ಮರಳು ಮೈದಾನದಲ್ಲಿ ಒಬ್ಬರು ಸೊಂಟ ಬಗ್ಗಿಸಿ ಹಿಂದೆ ಹಿಂದೆ ನಡೆಯುತ್ತಿದ್ದಾರೆ. ಕೈಯಲ್ಲಿ ತಳಕ್ಕೆ ತೂತು ಕೊರೆದ ಹಾಲಿನಪುಡಿ ಡಬ್ಬ. ಅದರಿಂದ ಸುಣ್ಣ ಉದುರಿ ಗೆರೆಯಾಗುತ್ತಿದೆ. ಒಂದು ಕಡೆ ಗೆರೆ ಸ್ವಲ್ಪ ವಾಲುತ್ತದೆ. ಕಾಲಿನಿಂದ ಅಳಿಸಿ ಮತ್ತೆ ಎಳೆಯುತ್ತಾರೆ.

"ಸಾಕು ಬಿಡಿ, ಕೊನೆಯ ಎರಡು ತಂಡದ ಆಟ ಅಲ್ವಾ" ಎಂದರೆ ಸಿಟ್ಟು ಬರುತ್ತದೆ. "ಕೊನೆಯವರ ಚೆಂಡು ಬೇರೆ ಉಂಟಾ? ಅದೂ ಉರುಂಟೇ ಅಲ್ವಾ?"

ಇವರು ಅಹ್ಮದ್ ಕುಂಞಿ, ವಯಸ್ಸು ಅರುವತ್ತೊಂದು. ಉಪ್ಪಿನಂಗಡಿ ಕಡೆಯವರು. ಅಬುಧಾಬಿಯಲ್ಲಿರುವ ನಮ್ಮ ಕರಾವಳಿ ಜನರ ಬಾಯಲ್ಲಿ ಅಹ್ಮದಾಕ. ಸೋಮವಾರದಿಂದ ಶನಿವಾರದವರೆಗೆ ಮುಸಫ್ಫಾದ ಹಡಗು ರಿಪೇರಿ ವರ್ಕ್‌ಶಾಪಿನಲ್ಲಿ ಸ್ಟೋರ್ ಕೀಪರ್. ಭಾನುವಾರ ಕರಾವಳಿ ಫುಟ್‌ಬಾಲ್ ಲೀಗಿನ ಗೆರೆ ಎಳೆಯುವವರು, ಪಟ್ಟಿ ಬರೆಯುವವರು, ನೆಟ್ ಕಟ್ಟುವವರು, ಜಗಳ ಬಿಡಿಸುವವರು, ಎಲ್ಲವೂ ಇವರೇ. ಶಾಲು ಹೊದಿಸುವ ಸಭೆಗಳು ಈ ಊರಿನಲ್ಲಿ ವಾರಕ್ಕೆ ನಾಲ್ಕು ನಡೆಯುತ್ತವೆ. ಒಂದಕ್ಕೂ ಇವರನ್ನು ಕರೆದದ್ದಿಲ್ಲ. ಕರೆಯದವರಿಗೆ ನಾಚಿಕೆಯಾಗಬೇಕು.

ಲೀಗಿನ ನಿಯಮಗಳನ್ನು ಬರೆದವರೂ ಇವರೇ. ಅವು ಎಲ್ಲಿಂದ ಬಂದವು ಎಂದು ಕೇಳಿದರೆ "ಗ್ರೀಸ್‌ನಿಂದ" ಎನ್ನುತ್ತಾರೆ. ತಮಾಷೆಯಲ್ಲ. ವರ್ಕ್‌ಶಾಪಿನಲ್ಲಿ ಮೊದಲು ಯಾನಿಸ್ ಎಂಬ ಗ್ರೀಕ್ ಇಂಜಿನಿಯರ್ ಇದ್ದರು. ಆಫೀಸಿನ ಬಿಳಿ ಬೋರ್ಡಿನ ಒಂದು ಮೂಲೆಯಲ್ಲಿ ತಮ್ಮ ದೇಶದ ಲೀಗ್ ಪಟ್ಟಿ ಬರೆದಿಡುತ್ತಿದ್ದರು. ಆಗ ಆಫೀಸ್ ಬಾಯ್ ಆಗಿ ಬೋರ್ಡ್ ಒರೆಸುತ್ತಿದ್ದ ಅಹ್ಮದಾಕನಿಗೆ ಆ ಮೂಲೆ ಮಾತ್ರ ಮುಟ್ಟಬಾರದೆಂದು ಆಜ್ಞೆ.

"ಒಮ್ಮೆ ಎರಡು ತಂಡಕ್ಕೆ ಪಾಯಿಂಟ್ ಸಮ ಆಗಿತ್ತು. ಸಾಹೇಬ್ರು ಹೆಚ್ಚು ಗೋಲು ಹೊಡೆದವರನ್ನು ಮೇಲೆ ಬರೆದಿದ್ರು. ನಾನು ಕಾಫಿ ಇಟ್ಟು ಕೇಳಿದೆ, ಇವರಿಬ್ಬರೇ ಆಡಿದಾಗ ಗೆದ್ದದ್ದು ಯಾರು ಸಾರ್? ನಮ್ಮ ದೇಶದ ನಿಯಮವೂ ಅದೇ ಮಾರಾಯ, ಗೆದ್ದವರೇ ಮೇಲೆ, ನಾನೇ ಮರೆತೆ ಅಂತ ಸಾಹೇಬ್ರು ಅಳಿಸಿ ಬರೆದ್ರು. ಆ ದಿನದಿಂದ ಆ ಮೂಲೆ ನನ್ನದು."

ಐದನೇ ತರಗತಿ ಓದಿದ ಈ ಮನುಷ್ಯನಿಗೆ ಗ್ರೀಕ್ ಲೀಗಿನ ಚರಿತ್ರೆ ಬಾಯಿಪಾಠ. ಮೊದಲು ಅಥೆನ್ಸ್, ಪಿರೇಯಸ್, ಥೆಸಲೋನಿಕಿಗಳಿಗೆ ಬೇರೆ ಬೇರೆ ಲೀಗ್. ಗೆದ್ದವರು ಆಮೇಲೆ ದೇಶದ ಪಟ್ಟಕ್ಕೆ ಸೆಣಸುತ್ತಿದ್ದರು. 1959ರಲ್ಲಿ ಇಡೀ ದೇಶಕ್ಕೆ ಒಂದೇ ಲೀಗ್. ಎಪ್ಪತ್ತೊಂಬತ್ತರಲ್ಲಿ ಆಟಗಾರರಿಗೆ ಆಟವೇ ವೃತ್ತಿ. 2006ರಲ್ಲಿ ಸೂಪರ್ ಲೀಗ್ ಎಂಬ ಹೆಸರು. ಆಮೇಲೆ ಹದಿನಾಲ್ಕು ತಂಡ, ಇಪ್ಪತ್ತಾರು ಸುತ್ತು. ಅದು ಮುಗಿದ ಮೇಲೆ ಪಟ್ಟಿ ಎರಡಾಗುತ್ತಿತ್ತು: ಮೇಲಿನ ಆರು ತಂಡ ಪಟ್ಟಕ್ಕಾಗಿ, ಕೆಳಗಿನ ಎಂಟು ತಂಡ ಲೀಗಿನಲ್ಲಿ ಉಳಿಯುವುದಕ್ಕಾಗಿ ಮತ್ತೆ ಆಡುತ್ತಿದ್ದವು. "ಈಗ ಅವರು ಪಟ್ಟಿಯನ್ನು ಮೂರು ತುಂಡು ಮಾಡಿದ್ದಾರೆ. ನನಗೆ ಅದು ಸರಿ ಕಾಣ್ಲಿಲ್ಲ" ಎಂದು ಗ್ರೀಸ್ ದೇಶಕ್ಕೇ ಬುದ್ಧಿ ಹೇಳುತ್ತಾರೆ.

ಐದು ವರ್ಷದ ಹಿಂದಿನವರೆಗೆ ಇಲ್ಲಿ ಸೋತವರು ಮನೆಗೆ ಹೋಗುವ ಪದ್ಧತಿಯಿತ್ತು. ಲೇಬರ್ ಕ್ಯಾಂಪಿನ ಹುಡುಗರು ಒಂದು ಪಂದ್ಯ ಸೋತರೆ ಇಡೀ ವರ್ಷ ಖಲಾಸ್. ಅಹ್ಮದಾಕ ಗ್ರೀಸ್‌ನ ಪದ್ಧತಿ ತಂದರು. ಹದಿನಾಲ್ಕು ತಂಡ ತಲಾ ಹದಿಮೂರು ಪಂದ್ಯ ಆಡುತ್ತವೆ. ಆಮೇಲೆ ಮೇಲೆ ಆರು, ಕೆಳಗೆ ಎಂಟು. ಕೆಳಗಿನವರದ್ದೇ ಇಪ್ಪತ್ತೆಂಟು ಪಂದ್ಯ. ಇಲ್ಲಿ ಕೆಳಗೆ ಇಳಿಯಲು ಇನ್ನೊಂದು ಲೀಗ್ ಮಾಫಿ, ಅಂದರೆ ಇಲ್ಲವೇ ಇಲ್ಲ; ಗೆದ್ದರೂ ಕಪ್ ಇಲ್ಲ. ಬರೇ ಆಟ.

ಆ ಬರೇ ಆಟಕ್ಕೇ ಈ ವರ್ಷ ಕತ್ತರಿ ಬೀಳುವುದರಲ್ಲಿತ್ತು. ಮೈದಾನ ಸಿಗುವುದು ಎಂಟು ಗಂಟೆಯ ನಂತರ, ಅದು ಮೇಲಿನ ಆರಕ್ಕೇ ಸಾಲದು ಎಂದು ಲೀಗಿನ ಕಮಿಟಿ ಹಟ ಹಿಡಿಯಿತು. ಎಸಿ ರೂಮಿನಲ್ಲಿ ಕೂತವರಿಗೆ ಕೆಳಗಿನ ಎಂಟು ಯಾಕೆ ಬೇಕು? ಅಹ್ಮದಾಕ ಮೈದಾನದ ಕಾವಲುಗಾರನ ಹತ್ತಿರ ಹೋಗಿ ಬೆಳಗಿನ ಆರು ಗಂಟೆಯಿಂದ ಎಂಟರವರೆಗಿನ ಹೊತ್ತು ಕೇಳಿ ಪಡೆದರು. ಕಾರ್ಯದರ್ಶಿ ರಶೀದ ಒಪ್ಪಿದರು, ಆದರೆ ಷರತ್ತು ಹಾಕಿದರು: ಒಂದೇ ಒಂದು ಪಂದ್ಯ ತಂಡ ಬಾರದೆ ನಿಂತರೂ ಮುಂದಿನ ವರ್ಷ ಕೆಳಗಿನವರ ಆಟ ಬಂದ್.

ಇಪ್ಪತ್ತೇಳು ಪಂದ್ಯ ಮುಗಿದಿವೆ. ಇಂದು ಉಳಿದಿರುವುದು ಒಂದು.

ಆರು ಗಂಟೆ. ಅಬುಧಾಬಿ ನಗರದ ಟೂರಿಸ್ಟ್ ಕ್ಲಬ್ ಏರಿಯಾದ ತಂಡ ಬೂಟು ಕಟ್ಟಿ ನಿಂತಿದೆ. ಮದೀನತ್ ಜಾಯೆದ್‌ನ ತಂಡ ಬಂದಿಲ್ಲ. ನೂರೈವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ, ಫೋನ್ ಎತ್ತುತ್ತಿಲ್ಲ. ನಿಯಮದ ಪ್ರಕಾರ ಇಪ್ಪತ್ತು ನಿಮಿಷ ಕಾಯಬಹುದು. ಹತ್ತು ನಿಮಿಷ ಕಳೆಯುವಾಗ ಟೂರಿಸ್ಟ್ ಕ್ಲಬ್ ನಾಯಕ ಕ್ಲೈವ್ ಮೆಲ್ಲ ಹತ್ತಿರ ಬರುತ್ತಾರೆ. "ಅಹ್ಮದಾಕ, ಒಂದು ಸೊನ್ನೆ ಅಂತ ಬರೆದುಬಿಡಿ. ಬೇಕಾದ್ರೆ ನಾವೇ ಸೋತದ್ದು ಅಂತ ಬರೀರಿ. ನೋಡ್ಲಿಕ್ಕೆ ಯಾರುಂಟು ಇಲ್ಲಿ?"

"ನಾನಿದ್ದೇನಲ್ವಾ! ಆಡದ ಆಟ ಬರೀಲಿಕ್ಕೆ ಇಷ್ಟು ವರ್ಷ ಸುಣ್ಣ ಹಾಕಿದ್ದಾ? ಹೋಗಿ, ಆ ಕಡೆ ನಿಲ್ಲಿ."

ಕ್ಲೈವ್ ನಗುತ್ತಾ ದೂರ ಹೋಗುತ್ತಾರೆ. ಅಹ್ಮದಾಕ ನಗುವುದಿಲ್ಲ. ವಾಚು ನೋಡುತ್ತಾರೆ, ರಸ್ತೆ ನೋಡುತ್ತಾರೆ.

ಆರು ಗಂಟೆ ಹದಿನೇಳಕ್ಕೆ ಬಸ್ಸು ಬಂತು. ದಾರಿಯಲ್ಲಿ ಟಯರು ಒಡೆದಿತ್ತಂತೆ. ಇಳಿದವರು ಆರು ಮಂದಿ. ಉಳಿದವರಿಗೆ ಓವರ್‌ಟೈಮ್ ಬಿದ್ದಿದೆ. ಏಳು ಮಂದಿಯಿಲ್ಲದೆ ಪಂದ್ಯ ಶುರು ಮಾಡುವಂತಿಲ್ಲ. ಅಹ್ಮದಾಕ ಆಟಗಾರರ ಪಟ್ಟಿ ತೆಗೆದು ಬೆರಳಿಟ್ಟು ಕೆಳಗಿನವರೆಗೆ ಓದುತ್ತಾರೆ. ತಂಡ ಕರೆತರುವ ಚಾಲಕನ ಹೆಸರೂ ಪಟ್ಟಿಯಲ್ಲಿ ಇರಬೇಕೆಂಬುದು ಅವರದ್ದೇ ನಿಯಮ. ಇಲ್ಲದಿದ್ದರೆ ಆಟಗಾರರ ಊಟದಲ್ಲಿ ಚಾಲಕನಿಗೆ ಪಾಲು ಸಿಗುವುದಿಲ್ಲ. ಗ್ರೀಸ್‌ನಲ್ಲಿ ಇಂಥ ನಿಯಮ ಇದ್ದಂತಿಲ್ಲ.

"ಸೇಸಪ್ಪ, ಇಳೀರಿ. ಇಪ್ಪತ್ತೆರಡನೇ ನಂಬರು ನೀವು. ಯಲ್ಲಾ, ಬೇಗ!"

ಸೇಸಪ್ಪನವರಿಗೆ ಐವತ್ತನಾಲ್ಕು. ಸ್ಟೇರಿಂಗಿಗೆ ತಾಗುವ ಹೊಟ್ಟೆ. "ನನಗಾ? ತಲೆ ಸರಿ ಉಂಟಾ ಅಹ್ಮದಾಕ? ಬಸ್ಸು ಬಿಟ್ರೆ ನನಗೆ ಎಂತ ಗೊತ್ತುಂಟು?"

"ಗೋಲಿನಲ್ಲಿ ನಿಂತ್ಕೊಳ್ಳಿ. ಬ್ರೇಕ್ ಹಾಕಿದ ಹಾಗೆ, ಅಷ್ಟೇ!"

ಕ್ಲೈವ್ ತಂಡದವರ ಬೂಟು ಸಾಲ ಪಡೆದು, ಕಾಲಿಗೆ ಸಣ್ಣದಾದ್ದರಿಂದ ಹಿಂಬದಿಯನ್ನು ಮಡಚಿ ತುಳಿದು, ಸೇಸಪ್ಪ ನಿಂತರು. ಏಳು ಮಂದಿಯ ಎದುರು ಹನ್ನೊಂದು ಮಂದಿ. ಮೊದಲ ಗೋಲು ಬಿದ್ದಾಗ ಅವರು ಚೆಂಡು ನೋಡಿರಲಿಲ್ಲ. ಮೂರನೆಯದಕ್ಕೆ ಕೈ ಎತ್ತಿದರು. ಏಳು ಗೋಲಾದ ಮೇಲೆ ಒಂದು ಚೆಂಡು ನೇರವಾಗಿ ಹೊಟ್ಟೆಗೆ ಬಡಿದು ಹೊರಗೆ ಹಾರಿತು. ಎರಡೂ ತಂಡಗಳು ಕುಣಿದಾಡಿದವು. ಕ್ಲೈವ್ ಓಡಿ ಬಂದು ಕೈ ಕುಲುಕಿದರು. ಸೇಸಪ್ಪ ಹೊಟ್ಟೆ ಸವರಿಕೊಳ್ಳುತ್ತಾ ಬೈದರು, "ಮೆಲ್ಲ ಹೊಡೀಲಿಕ್ಕೆ ಆಗುದಿಲ್ವಾ ನಿಮಗೆ?"

ಒಂಬತ್ತು ಸೊನ್ನೆ. ಬಿಸಿಲೇರುತ್ತಿದೆ. ರಶೀದ ಅವರ ಫೋನ್ ಬರುತ್ತದೆ.

"ಆಟ ಆಯ್ತಾ ಅಹ್ಮದಾಕ?"

"ಆಯ್ತು. ಒಂಬತ್ತು ಸೊನ್ನೆ."

"ಒಂಬತ್ತಾ! ಇದಕ್ಕೆ ಆಟ ಅಂತ ಹೇಳ್ತಾರಾ?"

"ನೀವು ಕೇಳಿದ್ದು ಆಟ ಆಯ್ತಾ ಅಂತ. ಇಪ್ಪತ್ತೆಂಟೂ ಆಯ್ತು. ಮುಂದಿನ ವರ್ಷದ ಮೀಟಿಂಗಿನಲ್ಲಿ ಈ ಮಾತು ಎತ್ತಬಾರದು."

ಆ ಕಡೆ ನಗು. "ಸರಿ, ಸರಿ. ಮುಂದಿನ ವರ್ಷವೂ ಆಡ್ಲಿ."

ಅಹ್ಮದಾಕ ಫೋನ್ ಜೇಬಿಗಿಟ್ಟು ನೆಟ್ ಬಿಚ್ಚಲು ಹೋಗುತ್ತಾರೆ. ಎಂಟು ಗಂಟೆಗೆ ಮೇಲಿನವರ ಪಂದ್ಯಕ್ಕೆ ಬೇರೆ ನೆಟ್, ಹೊಸದು. ನಿಮಗಾಗಿ ಏನಾದರೂ ಬೇಕೇ ಎಂದು ಕೇಳಿದ್ದಕ್ಕೆ ಗಂಟು ಬಿಚ್ಚುತ್ತಲೇ ಹೇಳುತ್ತಾರೆ:

"ನನಗೆ ಎಂತದ್ದು? ಅಕ್ಟೋಬರ್‌ನಲ್ಲಿ ಲೀಗ್ ಶುರು ಆಗುವ ಮೊದಲು ಸೇಸಪ್ಪರಿಗೊಂದು ಬೂಟು ಆಗ್ಬೇಕು. ಹತ್ತನೇ ಸೈಜು. ಅವರು ವಾಪಸ್ ಬಸ್ಸು ಹತ್ತುವಾಗ ಕೇಳಿ ಬರೆದಿಟ್ಟಿದ್ದೇನೆ."