ಮೇಲೆರಡು ಮಾಸ್ಟರು

ಟೈಲರ್ ಮಾಸ್ಟರಿಗೆ ಹೆತ್ತವರು ಇಟ್ಟ ಹೆಸರು ಏನಾದರೂ ಇರಲಿ, ಬೀದಿಯವರ ಬಾಯಲ್ಲಿ ಅವರು ಮೇಲೆರಡು ಮಾಸ್ಟರು. ಯಾರ ಎದೆಗೆ ಟೇಪು ಸುತ್ತಿದರೂ, ಯಾರ ತೋಳಿಗೆ ಹಿಡಿದರೂ, ಬಂದ ಅಂಕಿಯನ್ನು ಗಟ್ಟಿಯಾಗಿ ಹೇಳಿ, ಒಂದು ಉಸಿರು ಬಿಟ್ಟು, "ಮೇಲೆ ಎರಡು" ಎನ್ನುವುದು ಅವರ ಪದ್ಧತಿ. ಎರಡು ಇಂಚು ಬಟ್ಟೆಯನ್ನು ಹೊಲಿಗೆಯ ಒಳಗೆ ಮಡಿಸಿ ಬಿಡಬೇಕು ಎಂದು ಅದರ ಅರ್ಥ. ನಾಳೆ ಮೈ ಬಂದರೆ ಹೊಲಿಗೆ ಬಿಚ್ಚಿ ಅಗಲ ಮಾಡಬಹುದಲ್ಲ! ಒಮ್ಮೆ ಎಂಬತ್ತು ದಾಟಿದ ಅಜ್ಜ ಒಬ್ಬರು ಅಂಗಿಗೆ ಅಳತೆ ಕೊಡಲು ಬಂದಾಗಲೂ ಮಾಸ್ಟರು ಬಿಡಲಿಲ್ಲ.

"ನಾನಿನ್ನು ಎಲ್ಲಿ ಬೆಳೀಲಿ ಮಾಸ್ಟ್ರೇ?" ಎಂದು ಅಜ್ಜ ನಕ್ಕರು.

"ಇರ್ಲಿ ಬಿಡಿ ಯಜಮಾನ್ರೇ, ಒಳಗಿರೋ ಬಟ್ಟೆ ಏನು ಅನ್ನ ಕೇಳುತ್ತಾ?"

ಈ ಹುಚ್ಚು ಸುಮ್ಮನೆ ಹತ್ತಿದ್ದಲ್ಲ. ಮಾಸ್ಟರು ಹುಡುಗರಾಗಿದ್ದಾಗ ಅವರಿಗಿದ್ದದ್ದು ಒಂದೇ ಅಂಗಿ. ಮೈ ಬೆಳೆಯಿತು, ಅಂಗಿ ಬೆಳೆಯಲಿಲ್ಲ. ಕಂಕುಳ ಹತ್ತಿರ ಪರ್ರೆಂದು ಹರಿದ ಮೇಲೆ ತರಗತಿಯಲ್ಲಿ ಕೈ ಎತ್ತುವುದನ್ನೇ ಬಿಟ್ಟರು. ಉತ್ತರ ನಾಲಿಗೆಯ ತುದಿಯಲ್ಲಿದ್ದರೂ ತೋಳನ್ನು ಪಕ್ಕೆಗೆ ಒತ್ತಿಕೊಂಡು ಕೂತಿರುತ್ತಿದ್ದರು. ಅಂಥ ಹುಡುಗ ದೊಡ್ಡವನಾಗಿ ಕತ್ತರಿ ಹಿಡಿದರೆ ಬೇರೆ ಏನು ಮಾಡಿಯಾನು? ಊರಿನವರಿಗೆಲ್ಲ ಒಳಗೆ ಎರಡು ಇಂಚು ಬಿಟ್ಟ. ಒಬ್ಬಳೇ ಮಗಳಿಗೆ ಒಳಗೂ ಎರಡು, ಹೊರಗೂ ಎರಡು.

ಹಾಗಾಗಿ ಮಗಳು ಬೆಳೆದದ್ದು ಮೊಣಕೈವರೆಗೆ ಇಳಿದ ಭುಜದ ಹೊಲಿಗೆಯಲ್ಲಿ, ಬೆರಳು ಮುಚ್ಚುವ ತೋಳುಗಳಲ್ಲಿ. "ಇದರೊಳಗೆ ಇನ್ನೊಬ್ಬಳನ್ನ ಸೇರಿಸ್ಕೊಂಡು ಸ್ಕೂಲಿಗೆ ಹೋಗೇ, ಒಂದೇ ಫೀಸಲ್ಲಿ ಇಬ್ಬರೂ ಓದ್ಬಹುದು" ಎಂದು ಅವಳ ಅಮ್ಮ ಚೇಷ್ಟೆ ಮಾಡುತ್ತಿದ್ದರು. ಮಗಳು ನಗುತ್ತಿದ್ದಳು. ಯಾವತ್ತು ನಗುವುದನ್ನು ನಿಲ್ಲಿಸಿದಳೋ ಮಾಸ್ಟರು ಗಮನಿಸಲಿಲ್ಲ. ಬಟ್ಟೆಯ ಮೇಲೆ ಇದ್ದಷ್ಟು ಕಣ್ಣು ಮುಖದ ಮೇಲೆ ಇಡುವ ಅಭ್ಯಾಸ ಟೈಲರುಗಳಿಗೆ ಕಡಿಮೆ.

ಈಗ ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸದಲ್ಲಿದ್ದಾಳೆ. ದಿನವಿಡೀ ಊರಿನವರ ರಕ್ತವನ್ನು ಪುಟ್ಟ ಪುಟ್ಟ ಕೊಳವೆಗಳಲ್ಲಿ ಅಲ್ಲಾಡಿಸಿ, ಸಂಜೆ ಮನೆಗೆ ಬಂದು, ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಬೇರೆಯವರು ಆಡುವ ಆಟವನ್ನು ನೋಡುತ್ತಾ ಕೂರುತ್ತಾಳೆ. ಆ ಆಟದಲ್ಲಿ ಒಬ್ಬಳೇ ಹೆಂಗಸು, ಉದ್ದನೆಯ ನಿಲುವಂಗಿ ತೊಟ್ಟು, ಬೆಟ್ಟಗಳನ್ನು ದಾಟಿ ಹೋಗುತ್ತಾಳೆ. ಅದನ್ನು ತಾನೇ ಆಡಬೇಕು, ಅದಕ್ಕೊಂದು ಗೇಮಿಂಗ್ ಕಂಪ್ಯೂಟರು ಕಟ್ಟಿಸಬೇಕು ಎಂದು ಲ್ಯಾಬಿನಲ್ಲಿ ಹೆಚ್ಚಿನ ಪಾಳಿ ಮಾಡಿ ದುಡ್ಡು ಕೂಡಿಟ್ಟಿದ್ದಳು. ಹೆಚ್ಚೇನಲ್ಲ, ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಲೆಕ್ಕ.

"ಅಪ್ಪ, ನಾನು ನಿಮ್ಮನ್ನ ಇನ್ನೇನೂ ಕೇಳಿಲ್ಲ. ಇದೊಂದು ಸರಿಯಾಗಿ ಆಗ್ಬೇಕು" ಎಂದಿದ್ದಳು.

ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಇಬ್ಬರೂ ಕಂಪ್ಯೂಟರ್ ಅಂಗಡಿಗೆ ಹೋದರು. ಅಂಗಡಿಯವನು ದಪ್ಪನೆಯ ಆಸಾಮಿ, ಮಾಸ್ಟರ ಹಳೆಯ ಗಿರಾಕಿ. ಅವನು ಮೇಜಿನ ಮೇಲೆ ಪ್ರೊಸೆಸರ್ ಇಟ್ಟ. ಬಿಸ್ಕತ್ತಿನಷ್ಟು ಅಗಲದ ಬೆಳ್ಳಗಿನ ಚೌಕ.

"ಇದು ಮಿದುಳು ಮಾಸ್ಟ್ರೇ. ಇದರೊಳಗೆ ನೂರಾರು ಕೋಟಿ ಸ್ವಿಚ್ಚು ಇವೆ."

"ಎಷ್ಟು?"

"ನೂರಾರು ಕೋಟಿ."

ಮಾಸ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಒಂದು ಗುಂಡಿಯ ಕಾಜಾ ಹೊಲಿಯಲು ಹತ್ತಾರು ಸಲ ಸೂಜಿ ಚುಚ್ಚುವ ಮನುಷ್ಯ ಅವರು. ಆ ಚೌಕದೊಳಗೆ ಇಷ್ಟನ್ನು ತುಂಬಿದವರು ಯಾವ ಸೂಜಿ ಹಿಡಿದಿದ್ದರು, ಯಾವ ನೂಲು ಪೋಣಿಸಿದ್ದರು, ಅವರ ಕಣ್ಣಿಗೆ ಎಂಥ ಬೆಳಕು ಬೇಕಾಗಿತ್ತು? ಹೆಂಡತಿಗೆ ಹೇಳಿದರೆ ನಂಬುವುದಿಲ್ಲ. ಕೈ ತಾಗಿಸಲು ಹೋಗಿ, ಬೆರಳಲ್ಲಿ ಎಣ್ಣೆ ಇದ್ದೀತೆಂದು ಹಿಂದಕ್ಕೆ ಎಳೆದುಕೊಂಡರು.

ಆಗಲೇ ಅವರ ಕಣ್ಣು ಅಂಗಡಿಯ ಮೂಲೆಯಲ್ಲಿದ್ದ ದೊಡ್ಡ ಪರದೆಯ ಮೇಲೆ ಬಿತ್ತು. ಅದರಲ್ಲಿ ಮಗಳ ಮೊಬೈಲಿನ ಅದೇ ಹೆಂಗಸು, ಅದೇ ಬೆಟ್ಟ. ಮೊಬೈಲಿನಲ್ಲಿ ಅವಳು ಇರುವೆಯಷ್ಟಿದ್ದಳು. ಇಲ್ಲಿ ಆಳೆತ್ತರಕ್ಕೆ ನಿಂತಿದ್ದಳು. ಗಾಳಿ ಬೀಸಿತು, ನಿಲುವಂಗಿ ಅಲುಗಿತು. ಮಾಸ್ಟರು ನಿಂತಲ್ಲೇ ನಿಂತರು.

ಅಂಚು ಮೊದಲು ಎದ್ದಿತು. ಆ ಎಳೆತ ಮೇಲಕ್ಕೆ ಹರಿದು ಸೊಂಟದ ಹತ್ತಿರ ಸಣ್ಣ ನೆರಿಗೆಯಾಯಿತು, ಬೆನ್ನ ಮೇಲೆ ಇನ್ನೊಂದು ನೆರಿಗೆ ಸಡಿಲವಾಯಿತು. ಅವಳು ತಿರುಗಿದಳು, ಬಟ್ಟೆ ಒಂದು ಗಳಿಗೆ ತಡವಾಗಿ ತಿರುಗಿತು. ಭಾರದ ಉಣ್ಣೆ ಬಟ್ಟೆ ಹಾಗೆಯೇ ತಿರುಗುವುದು, ಬಟ್ಟೆಯನ್ನು ಓರೆಗೆ ಹಾಕಿ ಕತ್ತರಿಸಿದರೆ ಮಾತ್ರ ಹಾಗೆಯೇ ಬೀಳುವುದು. ಇದು ಮಾಸ್ಟರಿಗೆ ಗೊತ್ತು, ಅವರ ಗುರುವಿಗೆ ಗೊತ್ತಿತ್ತು. ರೆಡಿಮೇಡ್ ಕಾಲದಲ್ಲಿ ಜಿಪ್ಪು ಹಾಕುತ್ತಾ, ಪ್ಯಾಂಟು ಗಿಡ್ಡ ಮಾಡುತ್ತಾ ಕೂತಿದ್ದ ಅವರು, ಬಟ್ಟೆ ಬೀಳುವ ರೀತಿಯನ್ನು ಈ ಲೋಕದಲ್ಲಿ ಇನ್ನು ಯಾರೂ ನೋಡುವುದಿಲ್ಲ ಎಂದುಕೊಂಡಿದ್ದರು. ಯಾರೋ ನೋಡಿದ್ದಾರೆ. ನೋಡಿ, ಇಲ್ಲದ ಬಟ್ಟೆಯನ್ನು ಇಲ್ಲದ ಗಾಳಿಗೆ ಹೀಗೆ ಹಾರಲು ಕಲಿಸಿದ್ದಾರೆ. ಮಾಸ್ಟರ ಕಣ್ಣು ತುಂಬಿ ಬಂತು.

"ಇದನ್ನ ಹೊಲಿದೋರು ಯಾರಪ್ಪ?" ಎಂದು ಅಂಗಡಿಯವನನ್ನು ಕೇಳಿದರು.

ಅವನು ಹೊಟ್ಟೆ ಕುಲುಕಿಸಿಕೊಂಡು ನಕ್ಕ. ಮಗಳು ಮಾತ್ರ ನಗಲಿಲ್ಲ. ಅಪ್ಪನ ಪಕ್ಕ ಬಂದು ನಿಂತು ತಾನೂ ನೋಡಿದಳು.

ಅಷ್ಟರಲ್ಲಿ ಲ್ಯಾಬಿನಿಂದ ಫೋನು ಬಂತು. ಯಾರೋ ರಜೆ ಹಾಕಿದ್ದಾರೆ, ತಕ್ಷಣ ಬರಬೇಕು. ಮಗಳು ಅವಸರದಲ್ಲಿ ಬಿಡಿಭಾಗಗಳನ್ನು ತೋರಿಸಿದಳು. "ಅಪ್ಪ, ಪ್ರೊಸೆಸರ್ ಇದೇ. ಇದನ್ನೆಲ್ಲ ಕೂರಿಸೋ ಡಬ್ಬಿ ಈ ಚಿಕ್ಕದು ಸಾಕು. ಮದರ್‌ಬೋರ್ಡು, ಪವರ್ ಸಪ್ಲೈ ಎರಡೂ ಸಾಧಾರಣದ್ದೇ ಸಾಕು. ಉಳಿದ ದುಡ್ಡೆಲ್ಲಾ ಗ್ರಾಫಿಕ್ಸ್ ಕಾರ್ಡಿಗೆ. ಮುಖ್ಯ ಅದೇ. ಅಂಗಡಿ ಅಣ್ಣ ಜೋಡಿಸಿ ಕೊಡ್ತಾರೆ, ಆಟೋದಲ್ಲಿ ತಗೊಂಡು ಬನ್ನಿ."

"ಹೂಂ ಹೂಂ, ನೀನು ಹೋಗು ಪುಟ್ಟಿ. ನನಗೆ ಗೊತ್ತಾಯ್ತು" ಎಂದರು ಮಾಸ್ಟರು. ಅವರ ಒಂದು ಕಣ್ಣು ಇನ್ನೂ ನಿಲುವಂಗಿಯ ಮೇಲೆಯೇ ಇತ್ತು.

ಅವಳು ಹೋದ ಮೇಲೆ ಚಿಕ್ಕ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಳಗೆ ಕೈ ಆಡುವುದಕ್ಕೆ ಜಾಗವಿಲ್ಲ. ಕಂಕುಳಲ್ಲಿ ಹಿಡಿಯುವ ಅಂಗಿಯ ಹಾಗೆ.

"ನಾಳೆ ಇನ್ನೇನಾದ್ರೂ ಸೇರಿಸ್ಬೇಕು ಅಂದ್ರೆ?"

"ಆಗ ಡಬ್ಬಿನೇ ಬದಲಾಯಿಸ್ಬೇಕು" ಎಂದ ಅಂಗಡಿಯವನು. ವ್ಯಾಪಾರಿ ಅಲ್ಲವೇ, ದೊಡ್ಡ ಡಬ್ಬಿಯನ್ನು ಮುಂದೆ ತಳ್ಳಿದ. "ಇದನ್ನ ತಗೊಂಡ್ರೆ ಹತ್ತು ವರ್ಷ ಚಿಂತೆ ಇಲ್ಲ. ಪವರ್ ಸಪ್ಲೈನೂ ದೊಡ್ಡದೇ ಹಾಕ್ಸಿ. ಈ ಬೋರ್ಡಲ್ಲಿ ನೋಡಿ, ಎಷ್ಟೊಂದು ಖಾಲಿ ಜಾಗ."

"ಹಾಗಾದ್ರೆ ಆ ಕಾರ್ಡು?"

"ದುಡ್ಡು ಮುಗೀತಲ್ಲ. ಅದನ್ನ ಆಮೇಲೆ ಹಾಕಿಸ್ಬಹುದು. ಈ ಪ್ರೊಸೆಸರೇ ತಕ್ಕಮಟ್ಟಿಗೆ ಚಿತ್ರ ತೋರಿಸುತ್ತೆ, ಆಟ ನಡೆಯುತ್ತೆ."

ಆಮೇಲೆ ಹಾಕಿಸಬಹುದು! ಮಾಸ್ಟರಿಗೆ ಇದಕ್ಕಿಂತ ಸಿಹಿಯಾದ ಮಾತು ಲೋಕದಲ್ಲಿ ಇರಲಿಲ್ಲ. "ಹಾಗೇ ಮಾಡಿ" ಎಂದುಬಿಟ್ಟರು.

ಸಂಜೆ ಮಗಳು ಮನೆಗೆ ಬಂದಾಗ ಮೇಜಿನ ಮೇಲೆ ಡಬ್ಬಿ ಕೂತಿತ್ತು. ಅದರ ಗಾಜಿನ ಬದಿಯಿಂದ ಒಳಗಿನ ಬಯಲೆಲ್ಲ ಕಾಣುತ್ತಿತ್ತು. ಮಗಳು ಬಗ್ಗಿ ನೋಡಿದಳು, ಹಿಂದಕ್ಕೆ ಹೋಗಿ ನೋಡಿದಳು.

"ಕಾರ್ಡ್ ಎಲ್ಲಿ ಅಪ್ಪ?"

"ಅದು ಆಮೇಲೆ ಪುಟ್ಟಿ. ಮೇಲೆ ಎರಡು ಬಿಟ್ಟಿದೀನಿ."

ಅಮ್ಮ ಅಡುಗೆ ಮನೆಯಿಂದ ಇಣುಕಿದರು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ರೀ, ಇಷ್ಟು ದೊಡ್ಡ ಪೆಟ್ಟಿಗೆಯಲ್ಲಿ ನಿಮ್ಮನ್ನೇ ಮಡಿಸಿ ಇಡಬಹುದಲ್ರೀ!"

ಮಗಳು ಮನೆಯ ಟಿ.ವಿ.ಗೆ ವೈರು ಚುಚ್ಚಿ ಆಟ ಹಾಕಿದಳು. ಚಿತ್ರದ ಗುಣಮಟ್ಟವನ್ನು ಕಡಿಮೆಗೆ, ಇನ್ನೂ ಕಡಿಮೆಗೆ ಇಳಿಸಿದ ಮೇಲೆ ಆ ಹೆಂಗಸು ಎದ್ದು ನಿಂತಳು. ಮಾಸ್ಟರು ಕುರ್ಚಿ ಎಳೆದುಕೊಂಡು ಬಂದು, ಕನ್ನಡಕ ಏರಿಸಿ, ಗಾಳಿಗಾಗಿ ಕಾದರು. ನಿಲುವಂಗಿ ಅಲುಗಲಿಲ್ಲ. ಅವಳು ಓಡಿದಳು, ಬೆನ್ನಿಗೆ ರಟ್ಟು ಕಟ್ಟಿದ ಹಾಗೆ ಅದೂ ಓಡಿತು.

"ಇದು ಆ ಬಟ್ಟೆ ಅಲ್ವಲ್ಲ" ಎಂದರು ಮಾಸ್ಟರು ಗಾಬರಿಯಿಂದ.

"ಅದೇ ಬಟ್ಟೆ ಅಪ್ಪ. ಅದನ್ನ ಹಾರಿಸೋದೇ ಆ ಕಾರ್ಡು."

ಮಾಸ್ಟರು ಡಬ್ಬಿಯೊಳಗಿನ ಖಾಲಿ ಬಯಲಿನ ಕಡೆ ತಿರುಗಿದರು.

ಮಗಳು ಪರದೆಯನ್ನೇ ನೋಡುತ್ತಾ, ದನಿ ಎತ್ತದೆ ಹೇಳಿದಳು. "ನನ್ನ ಅಳತೆಯ ಬಟ್ಟೆ ನಾನು ಒಂದು ದಿನಾನೂ ಹಾಕ್ಲಿಲ್ಲ ಅಪ್ಪ. ಯಾವಾಗ್ಲೂ ಮುಂದಿನ ವರ್ಷದ ಹುಡುಗಿಯ ಬಟ್ಟೆ ಹಾಕ್ಕೊಂಡೇ ಬೆಳೆದೆ. ಆ ಹುಡುಗಿ ಬರೋದು ಯಾವಾಗ? ನನಗೆ ಇವತ್ತಿಗೆ ಸರಿಹೋಗೋದು ಒಂದಾದ್ರೂ ಬೇಕಿತ್ತು." ಆಮೇಲೆ ಯಂತ್ರವನ್ನು ಆರಿಸಿ ಕೈಕಾಲು ತೊಳೆಯಲು ಹೋದಳು.

ಮಾಸ್ಟರಿಗೆ ಆ ದಿನ ಊಟ ಸೇರಲಿಲ್ಲ. ತೋಳನ್ನು ಪಕ್ಕೆಗೆ ಒತ್ತಿ ಕೂತ ಹುಡುಗನ ಸಂಕಟ ಮಗಳಿಗೆ ಬರಬಾರದೆಂದು ಇಷ್ಟೆಲ್ಲ ಮಾಡಿದ್ದರು. ಅವಳಿಗೆ ಬಂದದ್ದು ಬೇರೆಯೇ ಸಂಕಟ, ಅದನ್ನು ಹೊಲಿದು ಕೊಟ್ಟವರು ತಾವೇ. ಎಷ್ಟು ಸಲ ತಿರುವಿ ನೋಡಿದರೂ ಆ ಮಾತು ಸುಳ್ಳಾಗಲಿಲ್ಲ.

ಮರುದಿನ ಕಂಪ್ಯೂಟರ್ ಅಂಗಡಿ ಬಾಗಿಲು ತೆಗೆಯುವ ಮೊದಲೇ ಮಾಸ್ಟರು ಡಬ್ಬಿಯನ್ನು ಎತ್ತಿಕೊಂಡು ಹೋಗಿ ಕಟ್ಟೆಯ ಮೇಲೆ ಕೂತಿದ್ದರು. ಅಂಗಡಿಯವನು ತಲೆ ಅಲ್ಲಾಡಿಸಿದ. "ಸೀಲ್ ಒಡೆದದ್ದನ್ನ ಯಾರೂ ವಾಪಸ್ ತಗೊಳಲ್ಲ ಮಾಸ್ಟ್ರೇ. ನನ್ನ ಕೈಲಿ ಏನೂ ಇಲ್ಲ."

ಮಾಸ್ಟರು ಏಳಲಿಲ್ಲ. ಸುಮ್ಮನೆ ಅತ್ತಿತ್ತ ನೋಡುತ್ತಾ ಕೂತರು. ಅಂಗಡಿಯೊಳಗಿನ ಕಪಾಟಿನ ನೆತ್ತಿಯ ಮೇಲೆ ಮೂರು ಫ್ಯಾನಿನ, ಒಂದೂವರೆ ಗೇಣುದ್ದದ ಒಂದು ಕಪ್ಪು ಹಲಗೆ ಧೂಳು ತಿನ್ನುತ್ತಾ ಬಿದ್ದಿತ್ತು.

"ಅದೇನು?"

"ಅದೂ ಗ್ರಾಫಿಕ್ಸ್ ಕಾರ್ಡೇ. ಹಳೇದು, ಆದ್ರೆ ಆನೆ ಬಲ. ಯಾವುದೋ ಸ್ಟುಡಿಯೋದವರು ಬಿಟ್ಟು ಹೋದ್ರು. ಕರೆಂಟು ತಿನ್ನೋದೂ ಆನೆಯಷ್ಟೇ, ಮಾಮೂಲಿ ಪವರ್ ಸಪ್ಲೈ ಸುಟ್ಟೇ ಹೋಗುತ್ತೆ. ಉದ್ದ ಬೇರೆ, ಯಾರ ಡಬ್ಬಿಗೂ ಹಿಡಿಸಲ್ಲ."

ಮಾಸ್ಟರು ಕೊರಳಿನ ಟೇಪು ತೆಗೆದರು. ಕಾರ್ಡನ್ನು ಕೆಳಗಿಳಿಸಿ ಅದರ ಉದ್ದ ಅಳೆದರು. ಡಬ್ಬಿಯ ಒಳಗನ್ನು ಅಳೆದರು. ಮತ್ತೊಮ್ಮೆ ಅಳೆದರು. "ಹಿಡಿಸುತ್ತೆ" ಎಂದರು. ಅಂಗಡಿಯವನು ಎದ್ದು ಬಂದು, ಪವರ್ ಸಪ್ಲೈ ಮೇಲೆ ಬರೆದದ್ದನ್ನು ಓದಿ, "ಅರೆ! ಇದು ತಡ್ಕೊಳುತ್ತೆ!" ಎಂದ.

"ಇದಕ್ಕೆ ನಾನೇನು ಕೊಡ್ಲಪ್ಪ? ನನ್ನ ಹತ್ರ ಇರೋದು ಈ ಎರಡು ಕೈ."

ಅಂಗಡಿಯವನು ತನ್ನ ಹೊಟ್ಟೆಯನ್ನು ನೋಡಿಕೊಂಡ. "ನನ್ನ ಮದುವೆಗೆ ನೀವು ಹೊಲಿದ ಕೋಟು ನೆನಪಿದ್ಯಾ? ಮುಂದಿನ ತಿಂಗಳು ತಂಗಿ ಮದುವೆ. ಗುಂಡಿ ಹಾಕೋದಿರಲಿ, ತೋಳೂ ಏರ್ತಿಲ್ಲ. ಹೆಂಡತಿ ಒಂದೇ ಸಮನೆ ನಗ್ತಾಳೆ."

"ಬಿಚ್ಚಿ ಅಗಲ ಮಾಡ್ತೀನಿ. ಒಳಗೆ ಬಟ್ಟೆ ಇದೆ" ಎಂದರು ಮಾಸ್ಟರು. ನೋಡದೆಯೇ ಗೊತ್ತಿತ್ತು.

ಅಂಗಡಿಯವನು ಅಲ್ಲೇ ಕಾರ್ಡನ್ನು ಕೂರಿಸಿದ. ಮದರ್‌ಬೋರ್ಡಿನ ಉದ್ದನೆಯ ಸೀಳಿಗೆ ಅದು ಟಕ್ಕೆಂದು ಹತ್ತಿಕೊಂಡಿತು, ತುದಿಯಲ್ಲಿ ಎರಡು ಬೆರಳು ಜಾಗ ಉಳಿಯಿತು.

ಅವತ್ತು ಮಗಳು ಮನೆಗೆ ಬಂದವಳು ಮೊದಲು ಡಬ್ಬಿಯ ಕಡೆ ನೋಡಲೇ ಇಲ್ಲ. ಅಮ್ಮ ಕೈ ಹಿಡಿದು ಎಳೆದು ತಂದು ಕೂರಿಸಬೇಕಾಯಿತು. ಗಾಜಿನೊಳಗೆ ಮೂರು ಫ್ಯಾನು ತಿರುಗುವುದನ್ನು ಕಂಡು ಅವಳು ಅಪ್ಪನ ಮುಖ ನೋಡಿದಳು. ಆಟ ಹಾಕಿದಳು.

ಬೆಟ್ಟ ಕಂಡಿತು. ಹುಲ್ಲು ಎಸಳೆಸಳಾಗಿ ಬಾಗಿತು. ಆಮೇಲೆ ಗಾಳಿ ಬಂತು, ನಿಲುವಂಗಿಯ ಅಂಚು ಎದ್ದಿತು. ಅಡುಗೆ ಮನೆಯ ಸೌಟು ಹಿಡಿದುಕೊಂಡೇ ಅಮ್ಮ "ಅಯ್ಯೋ ಅಯ್ಯೋ" ಎನ್ನುತ್ತಾ ನಿಂತುಬಿಟ್ಟರು. ಮೂರು ಜನ ಕೂಡಿ ಒಂದು ಬಟ್ಟೆ ಹಾರುವುದನ್ನು ನೋಡುತ್ತಿದ್ದರು.

ಬಿಟ್ಟ ಬಟ್ಟೆ ಕೆಲಸಕ್ಕೆ ಬಂತು ನೋಡಿದ್ಯಾ ಎನ್ನುವ ಮಾತು ಮಾಸ್ಟರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡರು. ಹಾಗೆ ಹೇಳಲು ಅವರಿಗೆ ಹಕ್ಕು ಇತ್ತೆಂದು ನನಗೂ ಅನ್ನಿಸುವುದಿಲ್ಲ. ಅದೃಷ್ಟವನ್ನು ಬುದ್ಧಿವಂತಿಕೆ ಎಂದು ಮಾರುವವರು ಬೇರೆ ಬೇಕಾದಷ್ಟು ಜನ ಇದ್ದಾರೆ.

ಮಗಳು ಆಟವನ್ನು ಆಡಲಿಲ್ಲ. ಆ ಹೆಂಗಸನ್ನು ಬೆಟ್ಟದ ತುದಿಯಲ್ಲಿ ನಿಲ್ಲಿಸಿ ಮೆಲ್ಲಗೆ ತಿರುಗಿಸಿದಳು. "ಯಾವ ಕಡೆಯಿಂದ ನೋಡ್ಬೇಕು ಅಪ್ಪ?"

"ಬೆನ್ನು ತೋರ್ಸು." ಮಾಸ್ಟರು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಆಹಾ, ಭುಜಕ್ಕೆ ಹೇಗೆ ಕೂತಿದೆ ನೋಡು. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆ ಇಲ್ಲ. ಅದಕ್ಕೇ ಹಾಗೆ ಹಾರ್ತಿದೆ."

ಹೇಳಿದ ಮೇಲೆ ತಾವು ಹೇಳಿದ್ದು ತಮಗೇ ಕೇಳಿಸಿತು. ಪಕ್ಕಕ್ಕೆ ತಿರುಗಿದರು. ಮಗಳು ತೊಟ್ಟಿದ್ದು ಅವರೇ ಹೊಲಿದ ಕುರ್ತಾ. ಭುಜದ ಹೊಲಿಗೆ ತೋಳಿನ ನಡುವಿಗೆ ಜಾರಿತ್ತು, ಮೌಸ್ ಹಿಡಿದ ಕೈಯ ಮೇಲೆ ತೋಳನ್ನು ಮಡಿಸಿ ಮಡಿಸಿ ಏರಿಸಿಕೊಂಡಿದ್ದಳು. ಇಷ್ಟು ವರ್ಷ ಕಣ್ಣೆದುರೇ ಇದ್ದದ್ದು.

"ಪುಟ್ಟಿ, ಒಂದು ನಿಮಿಷ ಎದ್ದು ನಿಲ್ಲು" ಎಂದರು.

ಅವಳು ನಿಂತಳು. ಮಾಸ್ಟರು ಕೊರಳಿನ ಟೇಪು ತೆಗೆದು ಅವಳ ಬೆನ್ನ ಹಿಂದೆ ಹೋದರು. ಜಾರಿದ ಹೊಲಿಗೆಯನ್ನು ಬದಿಗೆ ಸರಿಸಿ, ಮೂಳೆ ಎಲ್ಲಿದೆ ಎಂದು ಹೆಬ್ಬೆರಳಲ್ಲಿ ಹುಡುಕಿ, ಈ ಭುಜದಿಂದ ಆ ಭುಜಕ್ಕೆ ಟೇಪು ಹಿಡಿದರು.

"ಹದಿನಾಲ್ಕೂವರೆ."

ಅವಳು ಉಸಿರು ಬಿಗಿಹಿಡಿದು ಉಳಿದ ಮಾತಿಗೆ ಕಾದಳು. ಸೌಟು ಹಿಡಿದ ಅಮ್ಮನೂ ಕಾದರು.

ಮಾಸ್ಟರು ಟೇಪನ್ನು ಸೊಂಟಕ್ಕೆ ಇಳಿಸಿ ಮುಂದಿನ ಅಳತೆಗೆ ಹೋದರು.