ಐವತ್ತು ಗ್ರಾಮಿನ ನಾಲ್ಕು ಗೆರೆಗಳು

ಹೋದ ವಾರ ಒಂದು ಮಧ್ಯಾಹ್ನ, ಈಗ ನಾವಿರುವ ಮಸ್ಕಿಯ ಮನೆಯ ಹಿತ್ತಲ ಬಾಗಿಲಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ಪಕ್ಕದ ಮನೆಯಿಂದ ಹೆಸರುಬೇಳೆ ಹುರಿಯುವ ವಾಸನೆ ಬಂತು. ಅದರ ಹಿಂದೆಯೇ ಶೇಂಗಾ. ಆ ಮನೆಯ ಸೊಸೆಗೆ ಎಳೆಗೂಸಿದೆ, ಅದಕ್ಕೆ ಹಿಟ್ಟು ಮಾಡುತ್ತಿರಬೇಕು. ಬೇಳೆ ಕೆಂಪಗಾಗಿ ಇನ್ನೇನು ಸೀಯಬೇಕು ಅನ್ನುವಾಗ ಬರುವ ವಾಸನೆ ಅದು. ಮೂಗಿಗೆ ಬಡಿದದ್ದೇ ತಡ, ನನ್ನ ಕೈ ನಿಂತಿತು. ಅಕ್ಕೋರು ನೆನಪಾದರು.

ನಾನು ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಸಂತೆಕಲ್ಲೂರಿನಲ್ಲಿ ಅಂಗನವಾಡಿ ನಡೆಸುತ್ತಿದ್ದರು. ಊರಿಗೆಲ್ಲ ಅವರು ಅಕ್ಕೋರು. ಲಿಂಗಸುಗೂರಿನ ಕಡೆಯವರು, ಎತ್ತರದ ತೆಳ್ಳಗಿನ ಹೆಂಗಸು. ಪಿಯುಸಿಯಲ್ಲಿ ಸೈನ್ಸ್ ಓದಿದ್ದರು, ಮುಂದೆ ಓದಬೇಕೆಂಬ ಆಸೆ ಮದುವೆಯಲ್ಲಿ ನಿಂತುಹೋಗಿತ್ತು. ಅವರಿಗೆ ಒಂದು ಚಟ ಇತ್ತು. ಯಾರು ಏನೇ ಹೇಳಲಿ, "ಎಷ್ಟು?" ಎಂದು ಕೇಳುವುದು. ಕೂಸಿಗೆ ಜ್ವರ ಬಂದಿದೆ ಅಂದರೆ ಎಷ್ಟು, ಗಂಜಿ ಕುಡಿಯಿತು ಅಂದರೆ ಎಷ್ಟು. ನಾವು ಸೊಸೆಯಂದಿರು ನೀರಿಗೆ ಹೋದಾಗ ಅವರ ಹಾಗೆಯೇ ಕತ್ತು ವಾಲಿಸಿ ಎಷ್ಟು ಎಷ್ಟು ಎಂದು ಕೇಳಿ ನಗುತ್ತಿದ್ದೆವು. ಅವರಿಗೂ ಅದು ಗೊತ್ತಿತ್ತು…

ನನ್ನ ತವರು ತುರ್ವಿಹಾಳ. ಕಾಲುವೆ ನೀರಿನ ಊರು, ಕಣ್ಣು ಹಾಯಿಸಿದಷ್ಟೂ ಭತ್ತ. ಅಲ್ಲಿಂದ ಜೋಳ, ತೊಗರಿಯ ಸಂತೆಕಲ್ಲೂರಿಗೆ ಸೊಸೆಯಾಗಿ ಬಂದೆ. ಎರಡನೆಯ ಮಗಳು ಹುಟ್ಟುವಾಗಲೇ ಸಣ್ಣಗಿದ್ದಳು. ಕೂಡ್ರಲು ಕಲಿಯುವ ಹೊತ್ತಿಗೆ ಭೇದಿ ಹಿಡಿಯಿತು. ಬಿಟ್ಟು ಬಿಟ್ಟು ಬಂತು, ಮತ್ತೆ ಬಂತು. ತೊಡೆಯ ಚರ್ಮ ಖಾಲಿ ಚೀಲದಂತೆ ಜೋತುಬಿತ್ತು. ಅಳುವುದನ್ನೂ ಬಿಟ್ಟಳು. ಅಳುವ ಕೂಸಿಗಿಂತ ಅಳದ ಕೂಸು ತಾಯಿಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ ಎಂದು ಆಗ ತಿಳಿಯಿತು. ಅಕ್ಕೋರೇ ನಮ್ಮನ್ನು ಟಂಟಂ ಆಟೋ ಹತ್ತಿಸಿಕೊಂಡು ಲಿಂಗಸುಗೂರಿನ ದವಾಖಾನೆಗೆ ಕರೆದೊಯ್ದರು. ಅಲ್ಲಿಯವರು ಚೆನ್ನಾಗಿ ನೋಡಿಕೊಂಡರು. ಎರಡು ವಾರದಲ್ಲಿ ಮಗಳು ಕಣ್ಣು ಅರಳಿಸಿ ನೋಡತೊಡಗಿದಳು, ಒಂದು ದಿನ ನರ್ಸಮ್ಮನ ಪೆನ್ನು ಕಿತ್ತುಕೊಳ್ಳಲು ಕೈ ಚಾಚಿದಳು. ನಾನು ಗೋಡೆಗೆ ಮುಖ ಮಾಡಿ ಅತ್ತೆ.

ಮನೆಗೆ ಕಳಿಸುವಾಗ ಆ ನರ್ಸಮ್ಮ ಎಲ್ಲ ಬಿಡಿಸಿ ಹೇಳಿದರು. ಅಕ್ಕಿ, ಹೆಸರುಬೇಳೆ ಹುರಿದು ಹಿಟ್ಟು ಮಾಡಬೇಕು. ದಿನಕ್ಕೆ ಹಿಟ್ಟು ಐವತ್ತು ಗ್ರಾಂ, ಶೇಂಗಾಪುಡಿ ಅದರ ಅರ್ಧ, ಸೋಸಿದ ಬೆಲ್ಲದ ಪಾಕ ಅರ್ಧ, ಎಣ್ಣೆ ಅದಕ್ಕೂ ಕಡಿಮೆ. ಅದನ್ನು ಬೇಯಿಸಿ ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಉಣಿಸಬೇಕು. ಬಾಯಿಪಾಠ ಮಾಡಿಕೊಂಡು ಬಂದೆ. ಮನೆಯಲ್ಲಿ ತಕ್ಕಡಿ ಎಲ್ಲಿಂದ ಬರಬೇಕು. ಔಷಧಿ ಅಂಗಡಿಯಿಂದ ತಂದಿದ್ದ ಪ್ಲಾಸ್ಟಿಕ್ ಲೋಟದ ಮೈಮೇಲೆ ಗೆರೆಗಳಿದ್ದವು, ಗೆರೆಗಳ ಪಕ್ಕ ಅಂಕಿಗಳಿದ್ದವು. ಐವತ್ತು ಅಂದರೆ ಐವತ್ತು.

ವಾರಕ್ಕೊಮ್ಮೆ ಅಂಗನವಾಡಿಯ ಜಂತಿಗೆ ತೂಗುಹಾಕಿದ ಗಡಿಯಾರದಂಥ ತಕ್ಕಡಿಯಲ್ಲಿ, ಬಟ್ಟೆಯ ಚೀಲದೊಳಗೆ ಕೂಡ್ರಿಸಿ ಕೂಸುಗಳನ್ನು ತೂಗುತ್ತಿದ್ದರು. ಮೊದಲ ವಾರ ಮಗಳ ತೂಕ ಇದ್ದಲ್ಲೇ ಇತ್ತು. ಮುಂದಿನ ವಾರ ಮುಳ್ಳು ಹಿಂದಕ್ಕೆ ಸರಿಯಿತು. ಅಕ್ಕೋರು ಮುಳ್ಳನ್ನು ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. ನಾಳೆ ಮನೆಗೆ ಬರುತ್ತೇನೆ, ದಿನಾ ಹೇಗೆ ಮಾಡುತ್ತೀಯೋ ಹಾಗೇ ಮಾಡಿ ತೋರಿಸು ಎಂದರು.

ಮರುದಿನ ಅವರು ಒಲೆಯ ಮುಂದೆ ಕೂತರು. ನಾನು ಲೋಟದಲ್ಲಿ ಐವತ್ತರ ಗೆರೆಯವರೆಗೆ ಹಿಟ್ಟು ತುಂಬಿದೆ. ಅವರು ಲೋಟ ಇಸಿದುಕೊಂಡು ಕೈಯಲ್ಲಿ ತೂಗಿ ನೋಡಿದರು. ಆಮೇಲೆ ಅದನ್ನು ಖಾಲಿ ಮಾಡಿ ಅದೇ ಗೆರೆಯವರೆಗೆ ಪಾಕ ಹೊಯ್ದು ನನ್ನ ಕೈಗೆ ಕೊಟ್ಟರು. ಕೈ ಕೆಳಗಿಳಿಯಿತು. ಹಿಟ್ಟಿನ ಲೋಟಕ್ಕೆ ಹಾಗೆ ಆಗಿರಲಿಲ್ಲ.

"ಈ ಲೋಟ ಜಾಗ ಅಳೀತದ, ತಂಗಿ. ದವಾಖಾನ್ಯಾಗ ಹೇಳಿದ್ದು ಭಾರ. ನೀರಿಗೆ ಮಾತ್ರ ಎರಡೂ ಒಂದ ಬರ್ತದ. ಹಿಟ್ಟಿಗೆ ಆ ನ್ಯಾಯ ಇಲ್ಲ, ಬೆಲ್ಲಕ್ಕೂ ಇಲ್ಲ. ಕೂಸಿಗೆ ಹಿಟ್ಟು ಅರ್ಧ ಹೋಗಾಕತ್ತದ, ಸಿಹಿ ಹೆಚ್ಚು ಹೋಗಾಕತ್ತದ."

ನನಗೆ ಪೂರ್ತಿ ತಿಳಿಯಲಿಲ್ಲ. ತಿಳಿದದ್ದು ನಮ್ಮ ಅತ್ತೆಗೆ. ಅವರು ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತದೆಯೇ ಹೇಳಿದರು: "ನನ್ನ ಪಾವಿನ್ಯಾಗ ಗಟ್ಟಿ ಜ್ವಾಳ ತುಂಬಿದ್ರ ಒಂದು ಭಾರ, ಜೊಳ್ಳು ತುಂಬಿದ್ರ ಒಂದು ಭಾರ. ಪಾವು ಮಾತ್ರ ಒಂದ. ಇದಕ್ಯಾಕ ಇಷ್ಟು ಮಾತು?"

ಅಕ್ಕೋರು ಖುಷಿಯಾಗಿ ಅತ್ತೆಯ ಕಡೆ ತಿರುಗಿ ಕೂತೇಬಿಟ್ಟರು. ಶಾಲೆಯಲ್ಲಿ ಅದಕ್ಕೇ ಸಾಂದ್ರತೆ ಅನ್ನುತ್ತಾರೆ ಎಂದರು. ಒಂದೇ ಜಾಗದಲ್ಲಿ ಎಷ್ಟು ಭಾರ ಹಿಡಿಸುತ್ತದೆ ಅನ್ನುವ ಲೆಕ್ಕ. ಅದು ಗೊತ್ತಿದ್ದರೆ ಭಾರವನ್ನು ಅಳತೆಗೂ ಅಳತೆಯನ್ನು ಭಾರಕ್ಕೂ ತಿರುಗಿಸಬಹುದು, ದಿನಾ ತಕ್ಕಡಿ ಬೇಕಿಲ್ಲ, ಒಮ್ಮೆ ತೂಗಿ ನೋಡಿಕೊಂಡರೆ ಸಾಕು. ಅತ್ತೆ, ಏನಾದರೂ ಅನ್ನಲಿ, ಕೂಸು ಉಂಡರೆ ಸಾಕು ಎಂದರು.

ಊರ ಕಿರಾಣಿ ಅಂಗಡಿಯ ತಕ್ಕಡಿ ಉಳ್ಳಾಗಡ್ಡಿ ತೂಗಲಿಕ್ಕೆ ಸರಿ, ಇದಕ್ಕಲ್ಲ ಎಂದು ಅಕ್ಕೋರು ತೀರ್ಮಾನಿಸಿದರು. ಸಂತೆಯ ದಿನ ಇಬ್ಬರೂ ಮಸ್ಕಿಗೆ ಹೋದೆವು. ನನ್ನ ಬಗಲಲ್ಲಿ ಮಗಳು, ಅವರ ಚೀಲದಲ್ಲಿ ಹಿಟ್ಟು, ಶೇಂಗಾಪುಡಿ, ಪಾಕದ ಡಬ್ಬಿ, ಎಣ್ಣೆಯ ಬಾಟಲಿ. ಮೊದಲು ಪಾತ್ರೆ ಅಂಗಡಿಯಲ್ಲಿ ಒಂದು ಸ್ಟೀಲ್ ಲೋಟ ಆರಿಸಿದರು. ಆರಿಸಲು ಬಹಳ ಹೊತ್ತು ತೆಗೆದುಕೊಂಡರು. ಬಾಯಿ ಅಗಲ, ಬುಡ ಸಣ್ಣ ಇರುವ ಲೋಟಗಳನ್ನೆಲ್ಲ ಪಕ್ಕಕ್ಕಿಟ್ಟರು. ಬುಡದಿಂದ ಬಾಯಿಯವರೆಗೆ ಒಂದೇ ಅಗಲ ಇದ್ದರೆ ಮಾತ್ರ ಅರ್ಧ ಎತ್ತರಕ್ಕೆ ಅರ್ಧ ಭಾರ ಬರುತ್ತದೆ ಎಂದು ಅಂಗಡಿಯವನಿಗೂ ತಿಳಿಸಿ ಹೇಳಿದರು. ಆಮೇಲೆ ಅವರು ನನ್ನನ್ನು ಕರೆದೊಯ್ದದ್ದು ಬಂಗಾರದ ಕೆಲಸ ಮಾಡುವ ಪತ್ತಾರರ ಅಂಗಡಿಗೆ.

ಪತ್ತಾರ ಕಾಕಾ ವಯಸ್ಸಾದವರು, ಮೂಗಿನ ತುದಿಗೆ ಕನ್ನಡಕ. ನಮ್ಮ ಚೀಲದಿಂದ ಹಿಟ್ಟು ಹೊರಬಂದದ್ದು ನೋಡಿ ತಕ್ಕಡಿಯ ಮೇಲೆ ಅಂಗೈ ಅಡ್ಡ ಹಿಡಿದರು. ಇದು ಬಂಗಾರ ತೂಗುವ ತಕ್ಕಡಿ, ಇದರಲ್ಲಿ ಹಿಟ್ಟು ತೂಗಿದರೆ ಗಿರಾಕಿಗಳು ಏನಂದಾರು ಎಂದರು. ಅಕ್ಕೋರು ವಾದ ಮಾಡಲಿಲ್ಲ. ನನ್ನ ಸೆರಗು ಸರಿಸಿ ಮಗಳ ತೋಳನ್ನು ತೋರಿಸಿದರು, ಅಷ್ಟೇ. ಕಾಕಾ ಆ ತೋಳನ್ನು ಸ್ವಲ್ಪ ಹೊತ್ತು ನೋಡಿದರು. ಎದ್ದು ಹೋಗಿ ಕೈ ತೊಳೆದು ಬಂದರು. ತಕ್ಕಡಿಯ ಮೇಲೆ ಒಂದು ಕಾಗದ ಹಾಸಿದರು.

"ತಾ ಯವ್ವ, ಒಂದೊಂದ ಇಡು."

ಮೊದಲು ಖಾಲಿ ಲೋಟ. ಆಮೇಲೆ ಹಿಟ್ಟು. ಐವತ್ತು ಗ್ರಾಂ ತುಂಬುವ ಹೊತ್ತಿಗೆ ಲೋಟದ ಬಾಯಿಯ ಹತ್ತಿರ ಬಂದಿತ್ತು. ಕಾಕಾ ಅಲ್ಲಿಗೆ ಉಳಿಯಿಂದ ಒಂದು ಸಣ್ಣ ಗೆರೆ ಕೊರೆದು ಪಕ್ಕದಲ್ಲಿ 'ಹಿ' ಎಂದು ಕೆತ್ತಿದರು. ಶೇಂಗಾಪುಡಿಯ ಗೆರೆ ಅದಕ್ಕಿಂತ ತುಸು ಕೆಳಗೆ. ಎಣ್ಣೆಯದು ಅರ್ಧ ಲೋಟಕ್ಕೆ ಸ್ವಲ್ಪ ಮೇಲೆ. ಪಾಕದ್ದು ಎಲ್ಲಕ್ಕಿಂತ ಕೆಳಗೆ, ಬುಡದಿಂದ ನನ್ನ ಎರಡು ಬೆರಳಿನಷ್ಟು ಎತ್ತರದಲ್ಲಿ. ನಾಲ್ಕು ಗೆರೆಗಳು, ನಾಲ್ಕು ಎತ್ತರ, ಆದರೆ ಭಾರ ಮಾತ್ರ ಎಲ್ಲದಕ್ಕೂ ಐವತ್ತು ಗ್ರಾಂ. ಕಾಕಾ ಲೋಟವನ್ನು ಬೆಳಕಿಗೆ ಹಿಡಿದು, ಜೀವಮಾನವೆಲ್ಲ ತೂಗಿದೆ, ಇಂಥದ್ದನ್ನು ಮಾಡಿರಲಿಲ್ಲ ಎಂದರು. ಮಜೂರಿ ತೆಗೆದುಕೊಳ್ಳಲಿಲ್ಲ.

ಹಿಂದಿರುಗುವಾಗ ಟಂಟಂನಲ್ಲಿ ಅಕ್ಕೋರು ಇನ್ನೊಂದು ಮಾತು ಹೇಳಿದರು. "ಹಿಟ್ಟು ಸುಮ್ನ ಸುರಿ. ಕುಟ್ಟಿ ಕುಟ್ಟಿ ತುಂಬಬ್ಯಾಡ. ಕುಟ್ಟಿದ್ರ ಅದ ಜಾಗದಾಗ ಹೆಚ್ಚು ಹಿಡಿಸ್ತದ, ಗೆರಿ ಸುಳ್ಳಾಗ್ತದ."

ಲೋಟ ಬಂತು, ಆದರೆ ಮನೆಯಲ್ಲಿ ಜಗಳವೂ ಬಂತು. ಹೊಸ ಗೆರೆಯ ಹಿಟ್ಟು ನೋಡಿ ಅತ್ತೆ ಎದೆ ಮೇಲೆ ಕೈ ಇಟ್ಟುಕೊಂಡರು. ಲೆಕ್ಕ ಅವರಿಗೆ ನಮಗಿಂತ ಮೊದಲೇ ತಿಳಿದಿತ್ತು, ಆದರೆ ಅಂಥ ಕಡ್ಡಿಯಂಥ ಕೂಸಿನ ಹೊಟ್ಟೆಗೆ ಇಷ್ಟು ಹಾಕಿದರೆ ಉಬ್ಬರಿಸಿ ಹೋಗಿಬಿಡುತ್ತದೆ ಎಂಬುದು ಅವರ ಭಯ. ಅವರು ಮೊದಲು ಒಂದು ಮಗುವನ್ನು ಹೀಗೇ ಕಳೆದುಕೊಂಡಿದ್ದರು. ಆ ಮಾತನ್ನು ನಾನು ಅಂದೇ ಮೊದಲ ಸಲ ಕೇಳಿದ್ದು… ನನ್ನ ಗಂಡ ತಾಯಿಯ ಮುಖ, ನನ್ನ ಮುಖ ನೋಡುತ್ತ ನಿಂತ. ಕೂಸನ್ನು ತುರ್ವಿಹಾಳಕ್ಕೆ ತವರಿಗೆ ಕಳಿಸಿಬಿಡೋಣ ಎಂದ.

ಅಕ್ಕೋರು ಅತ್ತೆಯ ಪಕ್ಕ ನೆಲದ ಮೇಲೆ ಕೂತು ಅವರ ಕೈ ಹಿಡಿದುಕೊಂಡರು. ಒಂದೇ ಸಲಕ್ಕೆ ಉಣಿಸುವುದಲ್ಲ, ಇಡೀ ದಿನಕ್ಕೆ ಹಂಚಿ ಉಣಿಸುವುದು ಎಂದು ವಿವರಿಸಿದರು.

"ಎರಡು ವಾರ ಕೊಡ್ರಿ ಯವ್ವ. ತೂಕ ಏರಲಿಲ್ಲಂದ್ರ ನಾನ ಎತ್ಕೊಂಡು ಲಿಂಗಸುಗೂರಿಗೆ ಓಡ್ತೀನಿ. ಲೋಟ ಮಾತ್ರ ನಿಮ್ಮ ಕೈಯಾಗ ಇರ್ಲಿ. ಅಳಿಯೋದು ನಿಮ್ಮಷ್ಟು ಯಾರಿಗೆ ಗೊತ್ತದ?"

ಮರುದಿನ ನಾನು ಏಳುವ ಹೊತ್ತಿಗೆ ಒಲೆಯ ಮುಂದೆ ಅತ್ತೆಯೇ ಕೂತಿದ್ದರು. ಹಿಟ್ಟನ್ನು ಹೂವು ಸುರಿದಂತೆ ಲೋಟಕ್ಕೆ ಸುರಿಯುತ್ತಿದ್ದರು. ಗೆರೆಗಿಂತ ಒಂದು ಚಿಟಿಕೆ ಹೆಚ್ಚಾದರೆ ತೆಗೆಯುತ್ತಿದ್ದರು, ಕಡಿಮೆಯಾದರೆ ಹಾಕುತ್ತಿದ್ದರು. ಅಂದಿನಿಂದ ನನಗೆ ಆ ಲೋಟ ಮುಟ್ಟಲು ಬಿಡಲಿಲ್ಲ.

ಮೊದಲ ವಾರ ಮುಳ್ಳು ಅಲುಗಲಿಲ್ಲ. ಹಿಂದೆಯೂ ಸರಿದಿಲ್ಲ, ಅದೇ ಗೆಲುವು ಎಂದರು ಅಕ್ಕೋರು. ಆದರೆ ಅವರ ದನಿ ಸಣ್ಣಗಿತ್ತು. ಆ ವಾರ ಅವರು ದಿನಾ ಸಂಜೆ ನಮ್ಮ ಮನೆಯ ಮುಂದೆಯೇ ಹಾದು ಹೋಗುತ್ತಿದ್ದರು, ಅವರ ಮನೆ ಇನ್ನೊಂದು ದಿಕ್ಕಿಗಿತ್ತು.

ಎರಡನೆಯ ವಾರ ಅತ್ತೆಯೂ ಅಂಗನವಾಡಿಗೆ ಬಂದರು. ಮಗಳನ್ನು ಚೀಲದಲ್ಲಿ ಕೂಡ್ರಿಸಿದೆವು. ಮುಳ್ಳು ಮೇಲೆ ಹೋಯಿತು. ನಾನು ಉಸಿರು ಬಿಡುವಷ್ಟರಲ್ಲಿ ಅಕ್ಕೋರು ತಡಿ ಎಂದರು. ಕೂಸಿನ ಸೊಂಟದ ಬೆಳ್ಳಿ ಉಡದಾರ ಬಿಚ್ಚಿಸಿದರು, ಕಾಲಿನ ಗೆಜ್ಜೆ ತೆಗೆಸಿದರು, ಅಂಗಿಯನ್ನೂ ಬಿಚ್ಚಿಸಿದರು. ಬರಿಮೈಯಲ್ಲಿ ಮತ್ತೆ ತೂಗಿದರು. ಮುಳ್ಳು ಆದರೂ ಮೇಲೆಯೇ ಇತ್ತು. ಅವರು ಅದನ್ನೇ ನೋಡುತ್ತ ನಿಂತರು.

"ಏರ್ಯದ," ಅಂದರು ಮೆಲ್ಲಗೆ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಉಡದಾರವನ್ನು ಮಡಿಲಿಗೆ ಹಾಕಿಕೊಂಡರು. ಬರಿಮೈಯ ಮಗಳು ಚಳಿಗೋ ಸಿಟ್ಟಿಗೋ ಚೀಲದೊಳಗಿಂದ ಜೋರಾಗಿ ಅಳತೊಡಗಿದಳು. ಎಷ್ಟೋ ದಿನದ ಮೇಲೆ ಅವಳು ಹಾಗೆ ಅತ್ತದ್ದು. ನಾವು ಮೂವರೂ ಅವಳನ್ನು ಸುಮ್ಮನಾಗಿಸಲು ಹೋಗಲಿಲ್ಲ.

ಆಮೇಲೆ ಪ್ರತಿ ವಾರ ಸ್ವಲ್ಪ ಸ್ವಲ್ಪ ಏರಿತು. ಮಗಳು ರೊಟ್ಟಿ ಕಡಿಯುವಷ್ಟಾದ ಮೇಲೆ ಅಕ್ಕೋರು ಬಂದು ಲೋಟ ಕೇಳಿದರು. ಊರಿನಲ್ಲಿ ಇನ್ನೊಂದು ಕೂಸಿಗೆ ಬೇಕಿತ್ತು. ಅತ್ತೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಾವೇ ಕೊಟ್ಟು ಬಂದರು, ಅಳೆಯುವುದನ್ನು ಆ ತಾಯಿಗೆ ಕಲಿಸಿಯೂ ಬಂದರು. ಅಲ್ಲಿಂದ ಅದು ಇನ್ನೊಂದು ಮನೆಗೆ, ಮತ್ತೊಂದು ಮನೆಗೆ ಹೋಯಿತು. ಈಗ ಎಲ್ಲಿದೆಯೋ…

ಕೆಲವು ವರ್ಷಗಳ ಮೇಲೆ ಅಕ್ಕೋರಿಗೆ ಮೇಲ್ವಿಚಾರಕಿಯ ಕೆಲಸ ಸಿಕ್ಕಿ ಸಿಂಧನೂರಿಗೆ ಹೋದರು. ವಳಕಮದಿನ್ನಿ ಕಡೆಯ ಊರುಗಳನ್ನೆಲ್ಲ ಸುತ್ತುತ್ತಾರೆಂದು ಕೇಳಿದ್ದೆ. ಒಮ್ಮೆ ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು, ಕೂದಲು ಬೆಳ್ಳಗಾಗಿತ್ತು. ನನ್ನ ಆರೋಗ್ಯ ಕೇಳಲಿಲ್ಲ, ತಮ್ಮದು ಹೇಳಲಿಲ್ಲ. ಮೊದಲು ಕೇಳಿದ್ದು ಒಂದೇ: "ಎಷ್ಟು ಅದಾಳ ಈಗ?" ನಾನು ಹೇಳಿದೆ. ಅವರು ಜನರ ನಡುವೆ ನಿಂತು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ ನಕ್ಕರು. ಅಷ್ಟರಲ್ಲಿ ನನ್ನ ಬಸ್ಸು ಬಂತು. ಮತ್ತೆ ಭೇಟಿಯಾಗಲಿಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಮಣ್ಣಿಗೂ ಹೋಗಲಾಗಲಿಲ್ಲ.

ಮಗಳು ಈಗ ಸಿಂಧನೂರಿನಲ್ಲಿ ಡಿಗ್ರಿ ಓದುತ್ತಾಳೆ. ನನಗಿಂತ ಎತ್ತರ, ಅಪ್ಪನಿಗಿಂತ ಅಗಲ ಭುಜ. ಕಾಲೇಜಿನ ಆಟೋಟದಲ್ಲಿ ಗುಂಡು ಎಸೆಯುತ್ತಾಳೆ. ಈ ಚಳಿಗಾಲದಲ್ಲಿ ಮೊದಲ ಸಲ ನೋಡಲು ಹೋಗಿದ್ದೆ. ಎಸೆಯುವ ಮೊದಲು ಗುಂಡನ್ನು ನನ್ನ ಕೈಗಿಟ್ಟು, ಹಿಡಿದು ನೋಡು ಎಂದಳು. ತೆಂಗಿನಕಾಯಿಗಿಂತ ಸಣ್ಣದು, ಆದರೆ ಎರಡೂ ಕೈ ಜಗ್ಗಿತು. ನಾಲ್ಕು ಕಿಲೊ ಅಂತೆ. ಅಕ್ಕೋರು ಜಂತಿಗೆ ತೂಗುಹಾಕಿ ನೋಡುತ್ತಿದ್ದ ದಿನಗಳಲ್ಲಿ ಅವಳೇ ಇದಕ್ಕಿಂತ ತುಸು ಹೆಚ್ಚು ಭಾರವಿದ್ದಳು, ಅಷ್ಟೇ.

ಅವಳು ಎಸೆದಳು. ದೂರದಲ್ಲಿ ಮಣ್ಣು ಚಿಮ್ಮಿತು, ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ಮಾತ್ರ ಗುಂಪಿನಲ್ಲಿ ಎತ್ತರದ, ತೆಳ್ಳಗಿನ ಒಬ್ಬ ಹೆಂಗಸನ್ನು ಹುಡುಕುತ್ತಿದ್ದೆ. ಇಲ್ಲ ಎಂದು ಗೊತ್ತಿತ್ತು. ಆದರೂ ಹುಡುಕಿದೆ.

"ಯಾರನ್ನ ನೋಡಾಕತ್ತಿ, ಯವ್ವ?" ಮಗಳು ಬೆವರು ಒರೆಸಿಕೊಳ್ಳುತ್ತ ಬಂದು ಕೇಳಿದಳು.

"ನಿನ್ನ ತೂಗಿದೋರನ್ನ," ಅಂದೆ.

ಅವಳಿಗೆ ಅವರ ಮುಖ ನೆನಪಿಲ್ಲ, ಆದರೆ ನಮ್ಮ ಮನೆಯಲ್ಲಿ ಕೇಳಿ ಕೇಳಿ ಎಲ್ಲ ಗೊತ್ತು. ನಾನು ನೋಡುತ್ತಿದ್ದ ಕಡೆಗೇ ಅವಳೂ ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಎರಡನೆಯ ಸುತ್ತಿಗೆ ಅವಳ ಹೆಸರು ಕೂಗಿದರು. ಅಂಗೈಗೆ ಮಣ್ಣು ಸವರಿಕೊಂಡು ಗುಂಡನ್ನು ಎತ್ತಿ ಕುತ್ತಿಗೆಗೆ ಒತ್ತಿ ಹಿಡಿದಳು, ಈ ಸಲ ಇನ್ನೂ ದೂರ ಹೋಗುತ್ತದೆ ನೋಡು ಎಂದು ಹೇಳಿ ಹೋದಳು.